ಎರೆಮಣ್ಣು ಸೇರಿದ ಎದೆ

ನನ್ನ ತಂಗಿಯ ಎದೆಯಲ್ಲಿ ಸೇರಿಕೊಂಡದ್ದು ಏನೆಂದು ತಿಳಿಯಲು ನನಗೆ ಒಂದು ಇಡೀ ಹೆಸರುಕಾಳಿನ ಸುಗ್ಗಿ ಖರ್ಚಾಯಿತು. ಎಂಬತ್ತರ ದಶಕದ ಮಾತು. ಗುಡಗೇರಿಯಲ್ಲಿ ಕಾಳು ಕೊಂಡು ಮಾರುವ ನನ್ನಂಥವನಿಗೆ ಹೆಸರು ಬರುವ ಆ ಕೆಲವು ವಾರಗಳೇ ವರ್ಷದ ಅನ್ನ. ಆಗ ಅಂಗಡಿಗೆ ಕೀಲಿ ಹಾಕಿದರೆ ರೈತ ಬಾಜು ಅಂಗಡಿಗೆ ಹೋಗುತ್ತಾನೆ, ಮರುವರ್ಷವೂ ಅಲ್ಲಿಗೇ ಹೋಗುತ್ತಾನೆ. ಆದರೂ ಹಾಕಿದೆ. ತಂಗಿ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿದ್ದಳು, ಅವಳ ಗಂಡ ಡಾಕ್ಟರ ಮುಂದೆ ಬಾಯಿ ಬಿಡುವವನಲ್ಲ.

ಅವಳನ್ನು ಶಲವಡಿಗೆ ಕೊಟ್ಟಿದ್ದೆವು. ಕಿಡ್ನಿಯ ಬ್ಯಾನೆಯಿಂದ ಮೈಗೆ ನೀರು ತುಂಬುತ್ತಿತ್ತು, ಅದಕ್ಕೆ ಬಹಳ ದಿನದಿಂದ ಸ್ಟಿರಾಯ್ಡ್ ಗುಳಿಗೆ ನಡೆದಿತ್ತು. ಗುಳಿಗೆಯಿಂದ ಮುಖ ದುಂಡಗಾಗಿತ್ತು. ಓಣಿಯ ಹೆಂಗಸರು, "ತವರಮನಿ ತುಪ್ಪ ಅಗದಿ ಚಲೋ ಹತ್ತೈತಿ ನೋಡವಾ" ಎಂದು ಛೇಡಿಸಿದರೆ ಅವಳೂ ನಗುತ್ತಿದ್ದಳು. ಬೇಸಿಗೆಯಲ್ಲಿ ಹತ್ತಿಕಟ್ಟಿಗೆ ಕೀಳುವವರ ಜೊತೆ ಹೊಲದ ಧೂಳಿನಲ್ಲಿ ದುಡಿದಳು. ಮಳೆ ಹಿಡಿಯುವ ಹೊತ್ತಿಗೆ ಸಣ್ಣ ಜ್ವರ, ಆಮೇಲೆ ಕೆಮ್ಮು, ಆಮೇಲೆ ಉಸಿರೇ ಸಾಲದಾಯಿತು. ಅವಳ ಸಣ್ಣ ಮಗಳನ್ನು ನನ್ನ ಹೆಂಡತಿಯ ಹತ್ತಿರ ಬಿಟ್ಟು ಹುಬ್ಬಳ್ಳಿಗೆ ಒಯ್ದೆವು.

ಎದೆಯ ಫೋಟೋ ನೋಡಿದ ಡಾಕ್ಟರು ನಮ್ಮ ಕಡೆಯವರೇ. ನ್ಯುಮೋನಿಯಾ ಅಂದರು, ಆದರೆ ಯಾವುದರಿಂದ ಬಂದದ್ದೆಂದು ಗೊತ್ತಿಲ್ಲ ಅಂದರು.

"ಈ ಗುಳಿಗಿ ಆಕಿ ಕಿಡ್ನಿ ಕಾಯ್ತೈತಿ. ಆದ್ರ ರೋಗದ ಕೂಡ ಬಡದಾಡೂ ಶಕ್ತಿ ಕಡಿಮಿ ಮಾಡ್ತೈತಿ. ಹಿಂಗಾಗಿ ಟಿಬಿ ಇರಬಹುದು, ಬೂಷ್ಟು ಇರಬಹುದು, ಬ್ಯಾರೆ ಏನರ ಇರಬಹುದು. ಒಂದರ ಔಷಧ ಇನ್ನೊಂದಕ್ಕ ನಡ್ಯಾಂಗಿಲ್ಲ."

"ಎಲ್ಲಾದಕ್ಕೂ ಒಂದೊಂದು ಕೊಟ್ಟುಬಿಡ್ರಿ ಸಾಹೇಬ್ರ," ಎಂದು ನಾನು ಚೌಕಾಸಿಗೆ ಇಳಿದೆ.

"ಕೊಟ್ರ ಕಿಡ್ನಿ ತಡ್ಯಾಂಗಿಲ್ಲರಿ. ನೀವು ಕಾಳಿನ ವ್ಯಾಪಾರಸ್ಥರು ಅಂತೀರಿ, ಒಳಗ ನೋಡಲಾರದ ಚೀಲಾ ತಗೋತೀರೇನು?"

"ಇಲ್ಲರಿ."

"ನಾನೂ ನೋಡಲಾರದ ಔಷಧ ಕೊಡಂಗಿಲ್ಲ."

ಕಫ ಹಾಕಲು ಬಾಟಲಿ ಕೊಟ್ಟರು. ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ. ಮತ್ತೆ ಕೊಟ್ಟರು, ಮತ್ತೆ ಏನೂ ಇಲ್ಲ. ಅಷ್ಟರಲ್ಲಿ ತಂಗಿ ಮಲಗಿದರೆ ಉಸಿರಾಡಲಾರದೆ ಗೋಡೆಗೆ ಒರಗಿ ಕೂತೇ ಇರುತ್ತಿದ್ದಳು. ಡಾಕ್ಟರು ನನ್ನನ್ನು ಹೊರಗೆ ಕರೆದು, ಇನ್ನೊಮ್ಮೆ ನೋಡೋಣ, ಸಿಗದಿದ್ದರೆ ಮುಂಬಯಿಗೆ ಒಯ್ದು ಶ್ವಾಸನಾಳದಲ್ಲಿ ನಳಿಕೆ ಇಳಿಸಿ ನೋಡಬೇಕು, ಆದರೆ ಅಷ್ಟು ದೂರದ ಪ್ರಯಾಣವನ್ನು ಅವಳು ತಡೆಯುವುದು ಕಷ್ಟ ಎಂದರು.

ಮರುದಿನ ಬೆಳಿಗ್ಗೆ ಚಹಾ ತಗೊಂಡು ಹೋದೆ. ತಂಗಿ ಮುಖ ತೊಳೆದು ಹಣೆಗೆ ವಿಭೂತಿ ಹಚ್ಚಿಕೊಂಡು ಕೂತಿದ್ದಳು. ಬಾಟಲಿ ನನ್ನ ಕೈಗೆ ಕೊಟ್ಟಳು. ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ.

"ಇದೇನವಾ, ನೀರಿನಾಂಗೈತಿ. ಕೆಮ್ಮಿದಾಗ ಬರೂದೂ ಹಿಂಗ ಇರತೈತೇನು?"

"ಅದು ಹಳದಿ ಇರತೈತಿ ಯಣ್ಣಾ, ಬರೇ ಹೊಲಸು. ಅದನ್ನ ಬಚ್ಚಲದಾಗ ಉಗುಳಿ, ಬಾಯಿ ಮುಕ್ಕಳಿಸಿ, ಪೂಜಿ ಮಾಡ್ಕೊಂಡು ಆಮ್ಯಾಲೆ ಬಾಟ್ಲ್ಯಾಗ ಹಾಕ್ತೀನಿ."

"ಯಾಕ?"

"ಯಾಕ ಅಂದ್ರ? ಕೊಳ್ಳಾಗ ಲಿಂಗ ಐತಿ. ಅಷ್ಟ ದೊಡ್ಡ ಮನುಷ್ಯಾರ ಕೈಯಾಗ ಹೇಸಿಗಿ ಕೊಡ್ಲ್ಯಾ? ಮನಿಗೆ ಬಂದವ್ರಿಗೆ ತೊಳೀಲಾರದ ತಂಬಿಗ್ಯಾಗ ನೀರು ಕೊಡ್ತೇವೇನು?"

ನನಗೆ ಸಿಟ್ಟು ಬರಲಿಲ್ಲ. ನಮ್ಮ ಮನೆಗಳಲ್ಲಿ ಹೆಣ್ಣುಮಗುವಿಗೆ ಮಾತು ಬರುವ ಮೊದಲೇ ಇದನ್ನೆಲ್ಲ ಕಲಿಸಿರುತ್ತೇವೆ: ಉಗುಳಿದ್ದರ ಮೇಲೆ ಬೂದಿ ಹಾಕು, ಬಾಯಿ ತೊಳೆ, ಯಾರಿಗೂ ಕಾಣಿಸಬೇಡ. ನಾಲ್ಕು ಹೆಜ್ಜೆಗೊಮ್ಮೆ ನಿಂತು ಗೋಡೆ ಹಿಡಿದು ಬಚ್ಚಲಿಗೆ ಹೋಗಿ, ಅವಳು ಆ ಮರ್ಯಾದೆಯನ್ನೇ ಕಾಯುತ್ತಿದ್ದಳು. ಡಾಕ್ಟರು ನೋಡುತ್ತಿದ್ದದ್ದು ಅವಳ ಶುದ್ಧವಾದ ಎಂಜಲು.

"ಅವ್ರಿಗೆ ಆ ಹೇಸಿಗೀನ ಬೇಕವಾ. ನಾ ಚೀಲದ ಬಾಯಾಗಿನ ಕಾಳು ನೋಡಿ ದರಾ ಹೇಳ್ತೀನೇನು? ತಳಕ್ಕ ಕೈ ಹಾಕ್ತೀನಿ. ನಾಳೆ ಪೂಜಿಗಿಂತ ಮೊದ್ಲ ಕೆಮ್ಮು."

"ಪಾಪ ಹತ್ತೂದಿಲ್ಲೇನು?"

"ಹತ್ತಿದ್ರ ನನಗ ಹತ್ಲಿ."

"ಹತ್ಲಿ ಬಿಡು. ತೂಕದಾಗ ಮಾಡಿದ ಪಾಪದ ಕೂಡ ಇದೂ ಒಂದು," ಎಂದು ನಕ್ಕಳು. ನಗು ಕೆಮ್ಮಾಗಿ ಬಹಳ ಹೊತ್ತು ನಿಲ್ಲಲಿಲ್ಲ.

ಡಾಕ್ಟರಿಗೆ ಹೇಳಿದೆ. ಅವರು, "ಬಾಟ್ಲಿ ಕೊಟ್ಟೆ. ಹೆಂಗ ತುಂಬಬೇಕಂತ ಹೇಳಲಿಲ್ಲ ನೋಡ್ರಿ," ಎಂದರು. ತಾವೇ ಬಂದು ಅವಳಿಗೆ ತಿಳಿಸಿ ಹೇಳಿದರು. ಮರುದಿನ ತಂಗಿ ಲಿಂಗದ ಮೇಲೆ ಸೆರಗು ಹೊದಿಸಿ, ನನ್ನನ್ನು ಆ ಕಡೆ ತಿರುಗಿ ನಿಲ್ಲಿಸಿ, ಕೆಮ್ಮಿ ಕೆಮ್ಮಿ ಬಾಟಲಿಯಲ್ಲಿ ಹಾಕಿದಳು. ದಪ್ಪನೆಯ ಹಳದಿ ಕಫ.

ಅದರಲ್ಲಿ ಸಿಕ್ಕಿತು. ಸೂಕ್ಷ್ಮದರ್ಶಕದಲ್ಲಿ ಸಣ್ಣ ಬೇರಿನ ಹಾಗೆ ಕವಲೊಡೆದ ಎಳೆಗಳು.

"ಟಿಬಿ ಅಲ್ಲರಿ, ಅದರ ದೂರದ ಬೀಗರು," ಎಂದರು ಡಾಕ್ಟರು. "ಮಣ್ಣಿನಾಗ ಇರೂ ಒಂದು ರೋಗಾಣು. ನಿಮ್ಮಂಥಾ ಗಟ್ಟಿ ಮಂದಿಗೆ ಏನೂ ಮಾಡಂಗಿಲ್ಲ. ಈ ಗುಳಿಗಿ ತಗೊಳ್ಳೂ ಇಂಥವ್ರ ಎದಿಗೆ ಧೂಳಿನ ಕೂಡ ಹೊಕ್ಕರ ಬಿಡಂಗಿಲ್ಲ."

ಔಷಧ ಎಂದರೆ ಎಲ್ಲ ಅಂಗಡಿಯಲ್ಲೂ ಸಿಗುವ ಹಳೆಯ ಸಲ್ಫಾ ಗುಳಿಗೆ. ಆದರೆ ತಿಂಗಳುಗಟ್ಟಲೆ ತಪ್ಪದೆ ನುಂಗಬೇಕು. ಜ್ವರ ಮೆಲ್ಲಗೆ ಇಳಿಯಿತು. ಒಂದು ದಿನ ನಾನು ಹೋದಾಗ ತಂಗಿ ಕಾಲು ಚಾಚಿ ಮಲಗಿ ನಿದ್ದೆ ಮಾಡುತ್ತಿದ್ದಳು. ಎಬ್ಬಿಸದೆ ಬಾಜು ಕೂತೆ.

ಈಗ ದೊಡ್ಡ ಆಸ್ಪತ್ರೆಗಳಲ್ಲಿ ರೋಗಾಣುವಿನ ಜೀನ್ ಪರೀಕ್ಷಿಸಿ, ಅದು ಯಾವುದೆಂದು ಬೇಗ ಹೇಳುತ್ತಾರೆ. ಒಳ್ಳೆಯದೇ. ಆದರೆ ಆ ಪರೀಕ್ಷೆಗೂ ಎದೆಯ ಆಳದ್ದೇ ಬೇಕು. ಎಂಜಲು ಕೊಟ್ಟರೆ ಎಂಜಲಿನ ಸುದ್ದಿಯೇ ಬರುತ್ತದೆ. ನಿಮ್ಮ ಮನೆಯಲ್ಲಿ ಯಾರಿಗಾದರೂ ಸ್ಟಿರಾಯ್ಡ್, ಕ್ಯಾನ್ಸರಿನ ಔಷಧ, ಕಿಡ್ನಿ ಕಸಿಯ ಗುಳಿಗೆ ನಡೆದಿದ್ದು, ಸಣ್ಣ ಜ್ವರ ಕೆಮ್ಮು ಬಂದರೂ ತಡ ಮಾಡಬೇಡಿರಿ. ಗುಳಿಗೆಯ ಚೀಟಿ ಡಾಕ್ಟರಿಗೆ ತೋರಿಸಿರಿ, ಹೊಲಮನೆಯ ಕೆಲಸವನ್ನೂ ಹೇಳಿರಿ, ಗುಳಿಗೆಯನ್ನು ನೀವಾಗಿ ನಿಲ್ಲಿಸಬೇಡಿರಿ. ಚೌಕಾಸಿ ಮಾಡುವುದಿದ್ದರೆ ಕೋಣೆಯ ಬಾಡಿಗೆಯಲ್ಲಿ ಮಾಡಿರಿ, ಪರೀಕ್ಷೆಯಲ್ಲಿ ಬೇಡ. ಕಫ ಕೇಳಿದರೆ ಮೊದಲು ಬರೀ ನೀರಿನಿಂದ ಬಾಯಿ ಮುಕ್ಕಳಿಸಿ, ಆಮೇಲೆ ಹೊಟ್ಟೆಯಿಂದ ಉಸಿರೆಳೆದು ಕೆಮ್ಮಬೇಕು. ಹೆಣ್ಣುಮಕ್ಕಳಾದರೆ ಗಂಡಸರನ್ನು ಹೊರಗೆ ಕಳಿಸಿ, ಮನೆಯ ಹೆಂಗಸೊಬ್ಬಳು ಬಾಜು ಕೂತು ಕೆಮ್ಮಿಸಲಿ.