ಹೋಬರ್ಟ್ ಭಾವನ ಎಲ್ಕ್

ನಮ್ಮ ಕಣಿವೆಗೆ ಎಲ್ಕ್ ಬಂದಿದೆ ಎಂದು ಮೊದಲು ಕಂಡುಹಿಡಿದವನು ನನ್ನ ಭಾವ ಹೋಬರ್ಟ್ ಸ್ಲೋನ್. ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ ಅಕ್ಕನ ಈರುಳ್ಳಿ ಪಾತಿಯ ಅಂಚಿನಲ್ಲಿ, ಕೆಸರಿನಲ್ಲಿ ಮೂಡಿದ್ದ ಗೊರಸಿನ ಗುರುತಿನ ಮುಂದೆ ಮಂಡಿಯೂರಿ ಕೂತುಬಿಟ್ಟಿದ್ದ. ಯಾರದೋ ದನ ತಪ್ಪಿಸಿಕೊಂಡು ಬಂದಿದೆ ಎಂದು ನಾನು ಹೇಳಿದೆ.

"ದನದ್ದು ಇದಕ್ಕಿಂತ ಅಗಲ ಇರತ್ತೆ ಕಣೋ ಆರ್ವಿಲ್. ಜಿಂಕೇದು ಇದರ ಅರ್ಧ ಇರತ್ತೆ. ಬಂತು ಅಂತ ತಿಳ್ಕೊ."

"ಬಂದ್ರೆ ನಿನಗೇನು ಕಾಗದ ಹಾಕಿ ಬರ್ತಾವಾ ಭಾವ?"

"ಗುರುತು ಹಾಕಿ ಹೋಗಿದೆಯಲ್ಲ, ಇದೇ ಕಾಗದ," ಎಂದು ಆ ಗುರುತಿನೊಳಗೆ ಅಂಗೈ ಇಟ್ಟು ನೋಡಿದ. ಅಂಗೈ ಪೂರ್ತಿ ಹಿಡಿಯಿತು.

ಎಲ್ಕ್ ಅಂದರೆ ಜಿಂಕೆಯ ಜಾತಿಯೇ, ಆದರೆ ಹೆಚ್ಚುಕಡಿಮೆ ಕುದುರೆಯಷ್ಟು ಎತ್ತರ. ಪೂರ್ವ ಕೆಂಟಕಿಯ ಬೆಟ್ಟಗಳಲ್ಲಿ ಇದ್ದವನ್ನೆಲ್ಲ ನಮ್ಮ ಮುತ್ತಾತಂದಿರೇ ಒಂದೂ ಉಳಿಸದೆ ಹೊಡೆದು ತಿಂದು ಮುಗಿಸಿದ್ದರು. ಸರ್ಕಾರದವರು ಪಶ್ಚಿಮದ ಕಡೆಯಿಂದ ಲಾರಿಗಳಲ್ಲಿ ತಂದು ಪಕ್ಕದ ಜಿಲ್ಲೆಯಲ್ಲಿ ಬಿಟ್ಟರು. ಬಿಟ್ಟ ಕಡೆ ಅವು ನಿಲ್ಲಲಿಲ್ಲ, ಹುಲ್ಲು ಕಂಡ ಕಡೆಗೆ ನಡೆದವು. ವರ್ಷಕ್ಕೊಂದು ಕಣಿವೆ ದಾಟುತ್ತ ನಮ್ಮಲ್ಲಿಗೂ ಬಂದವು. ನಮ್ಮ ಕಾಡಿನ ನಾಡಿನಲ್ಲಿ ಅಷ್ಟು ಹುಲ್ಲು ಎಲ್ಲಿಂದ ಬಂತು ಅಂದರೆ, ಅದು ನಾವೇ ಮಾಡಿಕೊಟ್ಟದ್ದು. ಕಲ್ಲಿದ್ದಲಿಗಾಗಿ ಕಂಪನಿಯವರು ಬೆಟ್ಟಗಳ ತಲೆಯನ್ನೇ ಸಿಡಿಸಿ ತೆಗೆದರು, ಮಣ್ಣು ಕಲ್ಲನ್ನೆಲ್ಲ ಕೆಳಗಿನ ಹಳ್ಳಗಳಿಗೆ ತುಂಬಿದರು, ಉಳಿದ ಬಯಲಿಗೆ ಹುಲ್ಲಿನ ಬೀಜ ಎರಚಿ ಕೈತೊಳೆದುಕೊಂಡರು. ಬುಲ್ಡೋಜರ್ ಓಡಿಸಿದವನು ಹೋಬರ್ಟ್, ಹತ್ತೊಂಬತ್ತು ವರ್ಷ. ಸಿಡಿಮದ್ದು ತುಂಬಿದವನು ನಾನು, ಒಂಬತ್ತು ವರ್ಷ. ನಮ್ಮ ಅಪ್ಪಂದಿರು ಅಳಿಲು, ಟರ್ಕಿ ಕೋಳಿ ಹೊಡೆದ ಕಾಡನ್ನು ನಾವು ಯಾವುದೋ ಊರಿನ ಎಲ್ಕ್‌ಗೆ ಗೋಮಾಳ ಮಾಡಿ ಕೊಟ್ಟೆವು. ಈಗ ಅದನ್ನು ನೋಡಲು ಬಸ್ಸಿನಲ್ಲಿ ಜನ ಬರುತ್ತಾರೆ, ದುರ್ಬೀನು ಹಿಡಿದು, ಎಷ್ಟು ಚೆಂದ ಅನ್ನುತ್ತಾರೆ.

ಹೋಬರ್ಟ್ ಹುಟ್ಟು ಬೇಟೆಗಾರ. ಮದುವೆ ದಿನವೂ ಅವನ ಬೂಟಿನ ಮೇಲೆ ಅಳಿಲಿನ ರಕ್ತ ಇತ್ತೆಂದು ನಮ್ಮಮ್ಮ ಸಾಯುವವರೆಗೂ ಆಡಿಕೊಂಡಳು. ಗಾಳಿಗೆ ಒಂದು ಚಿಟಿಕೆ ಬೂದಿ ಬಿಟ್ಟು, ಜಿಂಕೆ ಬೆಟ್ಟದ ಯಾವ ಕಡೆಯಿಂದ ಇಳಿಯುತ್ತದೆ ಎಂದು ಹೇಳುತ್ತಿದ್ದ, ಇಳಿಯುತ್ತಿತ್ತು. ಆದರೆ ಎಲ್ಕ್ ಬರುವ ಹೊತ್ತಿಗೆ ಅವನಿಗೆ ಐವತ್ತೆಂಟು, ಎದೆಯ ತುಂಬ ಗಣಿಯ ಧೂಳು, ಮೂಗಿಗೆ ಕೊಳವೆ, ಪಕ್ಕದಲ್ಲಿ ಆಕ್ಸಿಜನ್ ಸಿಲಿಂಡರ್. ಮನೆ ಮುಂದಿನ ಕುರ್ಚಿಯಲ್ಲಿ ಕೂತು ಹಾದುಹೋಗುವವರನ್ನೆಲ್ಲ ಬೈಯುವುದೇ ಅವನ ಕೆಲಸವಾಗಿತ್ತು. ಆ ಗೊರಸಿನ ಗುರುತು ಕಂಡ ದಿನ ಯಾರ ಕೈಯನ್ನೂ ಹಿಡಿಯದೆ ಮೇಲೆದ್ದ. ಸೆಪ್ಟೆಂಬರ್ ಬಂತೆಂದರೆ ಸಂಜೆ ಹೊತ್ತು ಮೇಲಿನ ಬಯಲಿನಿಂದ ಗಂಡು ಎಲ್ಕ್ ಕೂಗುವುದು ಕೇಳುತ್ತಿತ್ತು. ಸಿಳ್ಳೆಯಂತೆ ಶುರುವಾಗಿ ಗಂಟಲಲ್ಲಿ ಗೊರಗೊರ ಎಂದು ಮುಗಿಯುವ ಕೂಗು. ಅದು ಕೇಳುವಾಗ ಮನೆಯಲ್ಲಿ ಯಾರೂ ಪಾತ್ರೆ ತೊಳೆಯುವಂತಿರಲಿಲ್ಲ.

"ಸಾಯೋದ್ರೊಳಗೆ ಒಂದು," ಅನ್ನುತ್ತಿದ್ದ. "ಒಂದೇ ಒಂದು ಹೊಡೀಬೇಕು. ಆಮೇಲೆ ಬೇಕಾದ್ರೆ ಈ ಕೊಳವೆ ನೀನೇ ಕಿತ್ತಾಕು ಆರ್ವಿಲ್."

ಹೊಡೆಯುವುದು ಹೇಗೆ? ಎಲ್ಕ್ ಪರ್ಮಿಟ್ಟಿಗೆ ಲಾಟರಿ. ರಾಜ್ಯದ ತುಂಬ ಸಾವಿರಾರು ಜನ ಹೆಸರು ಹಾಕುತ್ತಾರೆ, ಬರುವುದು ಬೆರಳೆಣಿಕೆಯವರಿಗೆ. ಅದೂ ಅಲ್ಲದೆ ಆ ಬಯಲು ಇವತ್ತಿಗೂ ಕಂಪನಿಯದೇ. ಕಬ್ಬಿಣದ ಗೇಟು, ಬೀಗ, ಕಾವಲುಗಾರ. ಪರ್ಮಿಟ್ಟು ಇದ್ದವರಿಗೆ ಮಾತ್ರ ಬೀಗ ತೆಗೆಯುತ್ತಾರೆ. ಭಾವ ತನ್ನ ಹೆಸರು ಹಾಕಿದ, ನನ್ನದೂ ಹಾಕಿಸಿದ. ಆಗ ಒಲೆ ಮುಂದೆ ನಿಂತಿದ್ದ ನನ್ನ ಅಕ್ಕ ವರ್ಡೀ ತಿರುಗದೆಯೇ ಅಂದಳು:

"ನನ್ನ ಹೆಸರೂ ಹಾಕು."

"ನೀನು ಎಲ್ಕ್ ಹೊಡೀತೀಯಾ?"

"ಬಂದಾಗ ನೋಡೋಣ. ಹಾಕು."

ಬೇಟೆಯನ್ನು ಜೀವಮಾನವಿಡೀ ಸವತಿ ಎಂದೇ ಕರೆದವಳು ಹೀಗೆ ಅಂದಳಲ್ಲ ಎಂದು ಭಾವನಿಗೆ ಹಿಡಿಸಲಾರದಷ್ಟು ಖುಷಿ. ತನ್ನ ಆಸೆಗೆ ಹೆಂಡತಿ ಹೆಗಲು ಕೊಟ್ಟಳೆಂದು ಅಂಗಡಿ ವೆರ್ಲಿನ್‌ನ ಮುಂದೆ ಹೇಳಿಕೊಂಡ. ವೆರ್ಲಿನ್ ಸುಮ್ಮನಿರುವ ಪೈಕಿ ಅಲ್ಲ. "ವರ್ಡೀ ಹೆಸರು ಬಂದ್ರೆ ಬಾಣಲೆಯಲ್ಲೇ ಹೊಡೆದು ಅದರಲ್ಲೇ ಹುರೀತಾಳೆ. ನಿನಗೆ ಗುಂಡಿನ ಖರ್ಚು ಉಳೀತು," ಎಂದ. ಎಲ್ಲರಿಗಿಂತ ಹೆಚ್ಚು ನಕ್ಕವನು ಹೋಬರ್ಟ್. ಆಮೇಲೆ ಅರ್ಧ ಗಂಟೆ ಕೆಮ್ಮಿದ.

ಇಲ್ಲಿ ಒಂದು ಹಳೆಯ ವಿಷಯ ಹೇಳಬೇಕು. ಹೇಳಲು ನನಗಿಷ್ಟವಿಲ್ಲ, ಅದರಲ್ಲಿ ನಾನೂ ಇದ್ದೇನೆ.

ಅಕ್ಕನಿಗೆ ಒಂದು ಹೆಣ್ಣುಮಗು ಹುಟ್ಟಿತ್ತು. ಹೆಸರು ಲೂಲಾ. ಹನ್ನೊಂದು ದಿನ ಬದುಕಿತು. ಅದನ್ನು ಗುಡ್ಡದ ನೆತ್ತಿಯ ಮೇಲೆ ಸ್ಲೋನ್ ಮನೆತನದ ಹಳೇ ಸಮಾಧಿಗಳ ಸಾಲಿನಲ್ಲಿ ಮಣ್ಣು ಮಾಡಿದರು. ಎಳೆಮಕ್ಕಳಿಗೆ ಕೆತ್ತಿದ ಕಲ್ಲು ಹಾಕಿಸುವ ರೂಢಿ ನಮ್ಮಲ್ಲಿರಲಿಲ್ಲ, ಹೊಳೆಯ ಕಲ್ಲೊಂದನ್ನು ತಂದಿಡುತ್ತಿದ್ದೆವು. ಗಣಿ ಆ ಗುಡ್ಡಕ್ಕೆ ಬಂದಾಗ, ಸಮಾಧಿಗಳನ್ನು ಅಗೆದು ಹೆದ್ದಾರಿ ಪಕ್ಕದ ಜಾಗಕ್ಕೆ ಸಾಗಿಸುತ್ತೇವೆ ಎಂದು ಕಂಪನಿಯವರು ತಿಳಿಸಿದರು. ಹೆಸರು ಕೆತ್ತಿದ ಕಲ್ಲುಗಳ ಪಟ್ಟಿ ಅವರ ಹತ್ತಿರ ಇತ್ತು. ಹೆಸರಿಲ್ಲದ ಕಲ್ಲಿನ ಹತ್ತಿರ ಮನೆಯವರು ನಿಂತು ತೋರಿಸಬೇಕು. ಅಕ್ಕ ಆಗ ಅಮ್ಮನ ಆರೈಕೆಗೆ ದೂರದ ಆಸ್ಪತ್ರೆಯಲ್ಲಿದ್ದಳು. ಫೋನಿನಲ್ಲಿ ಭಾವನಿಗೆ ಮೂರು ಸಲ ಹೇಳಿದಳು, ನೀನೇ ನಿಂತ್ಕೋ, ಬೇರೆ ಯಾರನ್ನೂ ನಂಬಬೇಡ ಅಂತ.

ಅವರು ಗೊತ್ತುಮಾಡಿದ ದಿನ ನವೆಂಬರಿನ ಒಂದು ಶನಿವಾರ. ಆ ವರ್ಷ ಜಿಂಕೆ ಬೇಟೆಗೆ ಸರ್ಕಾರದ ಅನುಮತಿ ಶುರುವಾಗುವ ದಿನವೂ ಅದೇ.

"ಅವರು ಗುದ್ದಲಿ ಎತ್ತೋದೇ ಮಧ್ಯಾಹ್ನ ಕಣೋ," ಎಂದ ಭಾವ. "ಹತ್ತು ಗಂಟೆಗೆಲ್ಲ ವಾಪಸ್ ಬಂದಿರ್ತೀವಿ."

ನಾನು ಬೇಡ ಅನ್ನಲಿಲ್ಲ. ಒಂಬತ್ತಕ್ಕೆ ಅವನ ಗುಂಡು ಒಂದು ದೊಡ್ಡ ಗಂಡು ಜಿಂಕೆಗೆ ಬಿತ್ತು, ಸರಿಯಾದ ಜಾಗಕ್ಕೆ ಬೀಳಲಿಲ್ಲ. ಗಾಯಗೊಂಡ ಪ್ರಾಣಿಯನ್ನು ಬಿಟ್ಟು ಬರುವುದು ಪಾಪ ಎಂದು ಇಬ್ಬರೂ ರಕ್ತದ ಜಾಡು ಹಿಡಿದು ಮೂರನೆಯ ಕಣಿವೆಯವರೆಗೆ ಹೋದೆವು. ಅದನ್ನು ಎಳೆದುಕೊಂಡು ಗುಡ್ಡಕ್ಕೆ ಬಂದಾಗ ಮೂರು ಗಂಟೆ ದಾಟಿತ್ತು. ಪೆಟ್ಟಿಗೆಗಳೆಲ್ಲ ತುಂಬಿ, ಲಾರಿ ಹೊರಟುಹೋಗಿತ್ತು. ಮರ ಉರುಳಿಸುವ ಯಂತ್ರ ಆಗಲೇ ಅಲ್ಲಿ ಓಡಾಡಿ ನೆಲವನ್ನೆಲ್ಲ ಕಲಸಿಹಾಕಿತ್ತು. ಕತ್ತಲಾಗುವವರೆಗೆ ಆ ಕಲ್ಲು ಹುಡುಕಿದೆವು. ಸಿಗಲಿಲ್ಲ.

ಸೋಮವಾರ ಆ ನೆತ್ತಿಗೆ ಹತ್ತಿದ್ದು ಹೋಬರ್ಟನ ಬುಲ್ಡೋಜರೇ. ಆಗಲಾದರೂ ಯಂತ್ರ ನಿಲ್ಲಿಸಿ, ಇಲ್ಲೊಂದು ಮಗು ಉಳಿದಿದೆ ಅನ್ನಬಹುದಿತ್ತು. ಅಂದಿದ್ದರೆ ಶನಿವಾರ ಎಲ್ಲಿದ್ದೆ ಎಂಬ ಮಾತು ಬರುತ್ತಿತ್ತು, ಅದು ಅಕ್ಕನ ಕಿವಿಗೂ ಬೀಳುತ್ತಿತ್ತು. ಅವನು ಮುಂದಿನ ಅಲಗು ಇಳಿಸಿದ. ಕೆಳಗೆ ಮದ್ದಿನ ತಂತಿ ಹಿಡಿದು ನಿಂತಿದ್ದ ನಾನೂ ಬಾಯಿ ಬಿಡಲಿಲ್ಲ. ಆ ಕೆಲಸ ಅವನೇ ಕೊಡಿಸಿ ಎರಡು ತಿಂಗಳಾಗಿತ್ತು. ಅಕ್ಕ ಬರುವಷ್ಟರಲ್ಲಿ ಹೊಸ ಜಾಗದ ಸಾಲಿನ ಕೊನೆಗೆ ಅವನೇ ಒಂದು ದುಂಡು ಕಲ್ಲು ತಂದಿಟ್ಟು, "ಇಲ್ಲೇ ಮಲಗಿಸಿದ್ದಾರೆ" ಎಂದು ತೋರಿಸಿದ. ಅಕ್ಕ ಆ ಕಲ್ಲನ್ನು ಬಹಳ ಹೊತ್ತು ನೋಡುತ್ತ ನಿಂತಳು. ಜಿಂಕೆಯ ಮಾಂಸವನ್ನು ಆ ಚಳಿಗಾಲವೆಲ್ಲ ತಿಂದೆವು, ಅವಳೂ ತಿಂದಳು. ಕೊಂಬು ಅವರ ಮನೆಯ ಬಾಗಿಲ ಮೇಲೇ ಇತ್ತು.

ಪ್ರತಿ ಮೇ ತಿಂಗಳು ಸಮಾಧಿಗಳಿಗೆ ಹೂವಿಡುವ ಭಾನುವಾರ ಅವಳು ಆ ಕಲ್ಲಿಗೂ ಹೂವಿಡುತ್ತಿದ್ದಳು. ಹೋಬರ್ಟ್ ಟೋಪಿ ಕೈಯಲ್ಲಿ ಹಿಡಿದು ಪಕ್ಕದಲ್ಲಿ ನಿಲ್ಲುತ್ತಿದ್ದ. ನಾನು ಹೆದ್ದಾರಿಯ ಲಾರಿಗಳನ್ನು ನೋಡುತ್ತಿದ್ದೆ.

ಲಾಟರಿಯಲ್ಲಿ ಎಂಟು ವರ್ಷ ನಮಗೆ ಮಣ್ಣು. ಒಂಬತ್ತನೆಯ ವರ್ಷ ಹೆಸರು ಬಂತು, ವರ್ಡೀ ಸ್ಲೋನ್, ಗಂಡು ಎಲ್ಕ್. ಪರ್ಮಿಟ್ಟು ಬೇರೆಯವರಿಗೆ ಕೊಡುವ ಹಾಗಿಲ್ಲ, ಗುಂಡು ಅವಳೇ ಹೊಡೆಯಬೇಕು. ಹೋಬರ್ಟ್ ಅತ್ತುಬಿಟ್ಟ. ಆಗಸ್ಟ್ ತಿಂಗಳೆಲ್ಲ ಹಿತ್ತಲಿನಲ್ಲಿ ಡಬ್ಬ ನಿಲ್ಲಿಸಿ ಅವಳಿಗೆ ಗುರಿ ಕಲಿಸಲು ಕೂತ. ಮೊದಲ ಐದು ಗುಂಡಿಗೆ ಐದು ಡಬ್ಬ ಬಿದ್ದವು.

"ಎಲ್ಲಿ ಕಲಿತ್ಯೇ ಇದನ್ನ?"

"ನೀನು ಕಾಡಲ್ಲಿದ್ದಾಗ ಕೋಳಿಗೂಡಿಗೆ ಬರೋ ಹಾವು ಯಾರು ಹೊಡೀತಿದ್ರು ಅಂದ್ಕೊಂಡಿದ್ದೆ?"

ಅಕ್ಟೋಬರಿನ ಬೆಳಿಗ್ಗೆ ಮೂವರೂ ಬೇಟೆಯ ನಿಯಮದಂತೆ ಕಿತ್ತಳೆ ಬಣ್ಣದ ಅಂಗಿ ತೊಟ್ಟು ಗೇಟಿನ ಮುಂದೆ ನಿಂತೆವು. ಕಾವಲುಗಾರ ಕಾಗದ ನೋಡಿ, ವರ್ಡೀ ಸ್ಲೋನ್ ಯಾರು ಎಂದ. "ನಾನು," ಎಂದಳು ಅಕ್ಕ. ಅವನು ಬೀಗ ತೆಗೆದು ಸರಪಳಿ ಬಿಚ್ಚುವವರೆಗೆ ಅವನ ಕೈಯನ್ನೇ ನೋಡುತ್ತಿದ್ದಳು. ಗಾಡಿ ನಿಲ್ಲಿಸಿದಲ್ಲಿಂದ ನಡೆದೆವು. ಕೋವಿ ಅಕ್ಕನ ಹೆಗಲಲ್ಲಿ, ಸಿಲಿಂಡರ್ ನನ್ನ ಬೆನ್ನ ಮೇಲೆ. ಭಾವ ಇಪ್ಪತ್ತು ಹೆಜ್ಜೆಗೊಮ್ಮೆ ನಿಂತು ಉಸಿರು ಎಳೆದುಕೊಳ್ಳುತ್ತಿದ್ದ, ಆದರೂ ಗಾಳಿಯ ದಿಕ್ಕು ತಪ್ಪಲಿಲ್ಲ. ಅವನು ಹೇಳಿದ ದಿಬ್ಬದ ಹಿಂದೆಯೇ ಅವು ಇದ್ದವು. ಹನ್ನೆರಡು ಹೆಣ್ಣು, ಒಂದು ಗಂಡು, ಇನ್ನೂರು ಹೆಜ್ಜೆ ದೂರ. ಹುಲ್ಲಿನ ಮೇಲೆ ಇಬ್ಬನಿ ಇನ್ನೂ ಆರಿರಲಿಲ್ಲ. ಅಂಥ ಕೊಂಬನ್ನು ನಾನು ಮುಂಚೆ ನೋಡಿರಲಿಲ್ಲ, ಆಮೇಲೂ ನೋಡಿಲ್ಲ.

ಅಕ್ಕ ಬೋರಲು ಮಲಗಿ ಕೋವಿಗೆ ಕೆನ್ನೆ ಕೊಟ್ಟಳು.

"ಮುಂಗಾಲಿನ ಹಿಂದೆ," ಭಾವ ಪಿಸುಗುಟ್ಟಿದ. "ಅರ್ಧ ಉಸಿರು ಬಿಟ್ಟು, ಮೆಲ್ಲಗೆ ಒತ್ತು."

ಅಕ್ಕ ಕೋವಿಯನ್ನು ಹುಲ್ಲಿನ ಮೇಲಿಟ್ಟು ಎದ್ದು ಕೂತಳು.

"ಲೂಲಾ ಎಲ್ಲಿ ಹೋಬರ್ಟ್?"

"ವರ್ಡೀ, ಅದು ಹೋಗ್ಬಿಡತ್ತೆ."

"ಹೋಗ್ಲಿ. ಲೂಲಾ ಎಲ್ಲಿ ಅಂದೆ."

"ರಸ್ತೆ ಪಕ್ಕ... ನಿನಗೆ ಗೊತ್ತಲ್ಲ."

"ಅಲ್ಲಿರೋದು ನೀನು ತಂದ ಕಲ್ಲು. ನಾನು ಹೊಳೆಯಿಂದ ಮಡಿಲಲ್ಲಿ ಹೊತ್ತು ತಂದಿದ್ದಕ್ಕೆ ನಡುವೆ ಬಿಳೀ ಗೆರೆ ಇತ್ತು. ಮೊದಲ ದಿನವೇ ಗೊತ್ತಾಯ್ತು. ಒಂದಿನ ನೀನೇ ಹೇಳ್ತೀಯ ಅಂತ ಇಪ್ಪತ್ತು ವರ್ಷ ಆ ಸುಳ್ಳು ಕಲ್ಲಿಗೆ ಹೂವಿಟ್ಟೆ. ಹೇಳಲಿಲ್ಲ."

ಭಾವ ನನ್ನ ಮುಖ ನೋಡಿದ. ನಾನು ನೆಲ ನೋಡಿದೆ.

"ಈ ಗೇಟಿನ ಹತ್ರ ಬಂದು ಎರಡು ಸಲ ಕೇಳಿದೀನಿ. ಸಮಾಧಿ ಸಾಗಿಸಿ ಆಗಿದೆ, ಕಾಗದದಲ್ಲಿದೆ, ಹೋಗಮ್ಮ ಅಂದ್ರು. ಒಳಗೆ ಬರೋಕೆ ಇದೊಂದೇ ದಾರಿ ಉಳಿದಿತ್ತು. ಅದಕ್ಕೇ ಹೆಸರು ಹಾಕು ಅಂದಿದ್ದು. ನಿನ್ನ ಎಲ್ಕ್ ಕಟ್ಕೊಂಡು ನನಗೇನಾಗ್ಬೇಕು?" ಅವಳ ದನಿ ಏರಲಿಲ್ಲ. "ಯಂತ್ರ ಓಡಿಸಿದವನು ನೀನು. ಜಾಗ ತೋರಿಸು. ಹೋಗಿ ಒಂದು ಗಳಿಗೆ ಕೂತು ಬರ್ತೀನಿ."

ಹೋಬರ್ಟ್ ಸುತ್ತಲೂ ನೋಡಿದ. ಗುರುತಿಗೆ ಒಂದು ಮರ ಇಲ್ಲ, ಬಂಡೆ ಇಲ್ಲ, ಎಲ್ಲ ಸಪಾಟು. ಕೊನೆಗೆ ಬಲಗಡೆ ದೂರದಲ್ಲಿ ಕಂಪನಿ ಮುಟ್ಟದೆ ಬಿಟ್ಟಿದ್ದ ಎರಡು ಬೆಟ್ಟಗಳ ನಡುವಿನ ಕಣಿವೆಯನ್ನು ಹಿಡಿದು, ಎಡಗಡೆಯ ಹೊಳೆಯ ತಿರುವನ್ನು ಹಿಡಿದು, ಬೇಟೆಗಾರ ದೂರ ಅಳೆಯುವ ಹಾಗೆ ಒಂದು ಕಣ್ಣು ಮುಚ್ಚಿ ಅಳೆದ. ಬೆರಳು ಎತ್ತಿ ಎಲ್ಕ್ ನಿಂತಿದ್ದ ಕಡೆಗೆ ಚಾಚಿದ. ಅಕ್ಕ ಏಳಲು ಹೊರಟಳು. ಬೆರಳು ಅಲ್ಲಿ ನಿಲ್ಲಲಿಲ್ಲ. ಮೆಲ್ಲಗೆ ಮೇಲೇರಿ, ಕೊಂಬುಗಳನ್ನು ದಾಟಿ, ಹಿಂದಿನ ಬೆಟ್ಟಗಳನ್ನೂ ದಾಟಿ, ಬರೀ ಆಕಾಶದಲ್ಲಿ ನಿಂತಿತು.

"ಅಲ್ಲಿ," ಎಂದ. "ಗುಡ್ಡ ಇಲ್ಲಿಂದ ಇನ್ನೂ ಇನ್ನೂರು ಅಡಿ ಎತ್ತರ ಇತ್ತು ವರ್ಡೀ."

ಅವಳು ಅಲ್ಲಿಗೇ ನೋಡಿದಳು. ಬಹಳ ಹೊತ್ತು ನೋಡಿದಳು. ಗಂಡು ಎಲ್ಕ್ ನಮ್ಮ ಕಡೆ ಒಮ್ಮೆ ತಲೆ ತಿರುಗಿಸಿ, ಹೆಣ್ಣುಗಳನ್ನು ಮುಂದೆ ಬಿಟ್ಟುಕೊಂಡು ಇನ್ನೊಂದು ದಿಬ್ಬದಾಚೆ ಇಳಿಯಿತು. ಅಷ್ಟೆಲ್ಲ ಆದ ಮೇಲೂ ಹೋಬರ್ಟನ ಕಣ್ಣು ಒಂದು ಕ್ಷಣ ಅದರ ಹಿಂದೆ ಹೋಯಿತು. ಅಕ್ಕ ಅದನ್ನೂ ನೋಡಿದಳು.

ಆಮೇಲೆ ಅವರಿಬ್ಬರ ನಡುವೆ ಊಟ ಬಡಿಸುವ, ಔಷಧಿ ಕೊಡುವ ಮಾತು ಬಿಟ್ಟು ಬೇರೆ ಮಾತಿರಲಿಲ್ಲ. ಎಲ್ಕ್ ಕೂಗಿದರೆ ಹೋಬರ್ಟ್ ಕುರ್ಚಿ ಬಿಟ್ಟು ಒಳಗೆ ಹೋಗುತ್ತಿದ್ದ. ಫೆಬ್ರವರಿಯಲ್ಲಿ ಸತ್ತ. ಹೆದ್ದಾರಿ ಪಕ್ಕದ ಜಾಗದಲ್ಲೇ ಮಣ್ಣು ಮಾಡಿದೆವು.

ಮೇ ತಿಂಗಳ ಆ ಭಾನುವಾರ ನಾವು ಹೋಗುವಷ್ಟರಲ್ಲಿ ಎಲ್ಕ್ ಅಲ್ಲಿಗೂ ಬಂದುಹೋಗಿದ್ದವು. ಸಮಾಧಿಗಳ ನಡುವೆಲ್ಲ ಗೊರಸಿನ ಗುರುತು, ಶನಿವಾರವೇ ಬಂದವರು ಇಟ್ಟಿದ್ದ ಹೂವಿನಲ್ಲಿ ಬರೀ ದೇಟು ಉಳಿದಿತ್ತು. ಜನ ಬೈಯುತ್ತಿದ್ದರು. ಅಕ್ಕ ಯಾರ ಮಾತಿಗೂ ಕಿವಿಗೊಡದೆ ಸಾಲಿನ ಕೊನೆಗೆ ಹೋಗಿ ಆ ದುಂಡು ಕಲ್ಲಿನ ಮುಂದೆ ನಿಂತಳು. ಕೈಯಲ್ಲಿ ಹೂವಿರಲಿಲ್ಲ.

"ಇದನ್ನ ಎತ್ತು ಆರ್ವಿಲ್."

"ಎಲ್ಲಿಗಕ್ಕ?"

"ಅವನ ತಲೆ ಹತ್ರ ಇಡು. ಅವನು ತಂದಿದ್ದು, ಅವನಿಗೇ ಇರ್ಲಿ."

"ಜನ ನೋಡ್ತಾರೆ ಕಣೇ."

"ಆವತ್ತು ಜಿಂಕೆ ಎಳ್ಕೊಂಡು ಬರೋಕೆ ನೀನೂ ಇದ್ಯಲ್ಲ," ಎಂದಳು ಅಕ್ಕ. "ಇದು ಅಷ್ಟು ಭಾರ ಇಲ್ಲ. ಎತ್ತು."

ನಾನು ಬಗ್ಗಿ ಎತ್ತಿದೆ.