ನೆಲ ಎತ್ತರಿಸಿದ ವರ್ಷ

ನನ್ನ ಹೆಂಡತಿ ಬಿದ್ದದ್ದು ನಮ್ಮದೇ ಮನೆಯ ಬಾಗಿಲಲ್ಲಿ, ಹೊಸ್ತಿಲು ಎಡವಿ. ಬೆಳಗ್ಗೆ ಅಂಗಳಕ್ಕೆ ನೀರು ಹಾಕಿ ಖಾಲಿ ಕೊಡ ಹಿಡಿದು ಒಳಗೆ ಬರುತ್ತಿದ್ದಳು. ಕೊಡ ಉರುಳಿದ ಸದ್ದಿಗೆ ನಾನು ಹಿತ್ತಲಿನಿಂದ ಓಡಿಬಂದಾಗ ಪಡಸಾಲೆಯಲ್ಲಿ ಮಗ್ಗುಲಾಗಿ ಬಿದ್ದುಕೊಂಡೇ ಸೆರಗು ಸರಿಮಾಡಿಕೊಳ್ಳುತ್ತಿದ್ದಳು.

"ಲಗೂನ ಎಬ್ಬಸ್ರಿ. ಯಾರರ ನೋಡ್ಯಾರು" ಎಂದಳು.

ತೋಳಿಗೆ ಕೈ ಹಾಕಿ ಎತ್ತಲು ಹೋದೆ. ಆಗ ಅವಳಿಂದ ಬಂದ ಚೀರು ಇಷ್ಟು ವರ್ಷದ ಸಂಸಾರದಲ್ಲಿ ನಾನು ಕೇಳಿದ್ದಲ್ಲ. ಹೆರಿಗೆಯ ಹೊತ್ತಿನಲ್ಲೂ ಹಲ್ಲು ಕಚ್ಚಿ ಸುಮ್ಮನಿದ್ದವಳು ಅವಳು.

ಕೊಪ್ಪಳದಲ್ಲಿ ಆಪರೇಷನ್ ಆಯಿತು. ಸೊಂಟದ ಕೀಲಿನ ಹತ್ತಿರ ಮುರಿದ ಎಲುಬಿಗೆ ರಾಡು ಹಾಕಿದರು. ಮನೆಗೆ ಕಳಿಸುವ ದಿನ ಡಾಕ್ಟರು ನನ್ನನ್ನು ಬದಿಗೆ ಕರೆದು, "ಈ ವಯಸ್ಸಿನಲ್ಲಿ ಮತ್ತೊಂದು ಸಲ ಬೀಳಬಾರದು. ಮನೆಯಲ್ಲಿ ಎಡವುವಂಥದ್ದು ಏನಿದೆಯೋ ಎಲ್ಲ ತೆಗೆಸಿ. ಮೊದಲು ಆ ಹೊಸ್ತಿಲು" ಎಂದರು.

ನಾನು ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ನಿವೃತ್ತನಾದವನು. ಕೆಟ್ಟ ಭಾಗವನ್ನು ಬಿಚ್ಚಿ ಎಸೆಯುವುದು ನನಗೆ ಹೊಸದಲ್ಲ. ಊರಿಗೆ ಬಂದ ಮರುದಿನವೇ ಪರಿಚಯದ ಗೌಂಡಿಯನ್ನು ಕರೆಸಿದೆ. ಅವನು ಉಳಿ, ಸುತ್ತಿಗೆ ಹಿಡಿದು ಬಾಗಿಲಲ್ಲಿ ಕುಕ್ಕರುಗಾಲಲ್ಲಿ ಕೂತದ್ದನ್ನು ಪಡಸಾಲೆಯ ಮಂಚದ ಮೇಲಿನಿಂದ ಅವಳು ನೋಡಿದಳು.

"ಏನ್ ಮಾಡಾಕತ್ತೀಯಪಾ ಅಲ್ಲಿ?"

"ಹೊಸ್ತಲಾ ಕೀಳಾಕ ಕಾಕಾರು ಹೇಳ್ಯಾರ ಕಾಕೂ."

"ಅದನ್ನ ಮುಟ್ಟಿಗಿಟ್ಟೀಯ" ಎಂದಳು. ದನಿ ಏರಿಸಲಿಲ್ಲ. ಆದರೆ ಗೌಂಡಿ ಉಳಿ ಕೆಳಗಿಟ್ಟ.

ಆ ಹೊಸ್ತಿಲ ಕಥೆ ಹೇಳಬೇಕು. ನಾವು ಈ ಮನೆ ಕಟ್ಟಿಸಿದಾಗ ಬಾಗಿಲಿಗೆ ಸಾಗವಾನಿ ತರುವ ಶಕ್ತಿ ನಮಗಿರಲಿಲ್ಲ. ಬೇವೂರಿನ ಅವಳ ತವರಿನಲ್ಲಿ ಗಾಳಿಗೆ ಬಿದ್ದಿದ್ದ ದೊಡ್ಡ ಬೇವಿನ ಮರವನ್ನು ನಮ್ಮ ಮಾವ ಕೊಯ್ಯಿಸಿ, ಒಣಗಿಸಿ, ಚೌಕಟ್ಟು ಮಾಡಿಸಿ ಬಂಡಿಯಲ್ಲಿ ಹೇರಿಕೊಂಡು ತಾವೇ ತಂದರು. "ಬೇವಿನ ಕಟ್ಟಿಗಿಗೆ ಹುಳಾ ಹತ್ತಂಗಿಲ್ಲ ತಗೋ ಮಗಳ" ಎಂದು ಅದರ ಮೇಲೆ ಅಂಗೈ ಸವರಿ ಹೋದವರು ಆಮೇಲೆ ಬಹಳ ದಿನ ಬದುಕಲಿಲ್ಲ. ಅಂದಿನಿಂದ ದಿನಾ ಬೆಳಗ್ಗೆ ಅವಳು ಆ ಹೊಸ್ತಿಲು ತೊಳೆದು ಅರಿಶಿನ ಕುಂಕುಮ ಹಚ್ಚುತ್ತಿದ್ದಳು. ಇದೆಲ್ಲ ನನಗೆ ಗೊತ್ತಿತ್ತು. ಆದರೂ ಅವಳ ಚೀರು ಕಿವಿಯಲ್ಲಿತ್ತಲ್ಲ, ನಾನೂ ಹಟಕ್ಕೆ ಬಿದ್ದೆ.

"ನಿಮ್ಮ ಅಪ್ಪ ಇದ್ದಿದ್ರ ತಾವ ಕಿತ್ತ ಒಗೀತಿದ್ರು" ಎಂದೆ.

"ನಮ್ಮ ಅಪ್ಪ ಇದ್ದಿದ್ರ ಹಿಂಗ ಮಾತಾಡ್ತಿದ್ದಿಲ್ಲ ನೀವು" ಎಂದು ಗೋಡೆಯ ಕಡೆ ಮುಖ ತಿರುಗಿಸಿದಳು.

ಗೌಂಡಿ ಚಹಾ ಕುಡಿದು ಮೆಲ್ಲಗೆ ಎದ್ದು ಹೋದ. ಗಂಗಾವತಿಯಲ್ಲಿರುವ ಮಗಳು ಫೋನಿನಲ್ಲಿ ಇಬ್ಬರ ಮಾತನ್ನೂ ಕೇಳಿ, "ಅಪ್ಪಾ, ಅಕಿ ಮನಸ್ಸು ಮುರೀಬ್ಯಾಡ. ಅವ್ವಾ, ನೀನೂ ಒಂಚೂರು ಅಪ್ಪನ ಮಾತ ಕೇಳು" ಎಂದು ನ್ಯಾಯ ಹೇಳಿದಳು. ಅದರಿಂದ ಏನೂ ಆಗಲಿಲ್ಲ. ಒಂದು ವಾರ ನಮ್ಮ ನಡುವೆ ಔಷಧ, ಊಟ, ಬಿಸಿನೀರು ಬಿಟ್ಟರೆ ಬೇರೆ ಮಾತಿರಲಿಲ್ಲ.

ಅವಳು ಮಲಗುತ್ತಿದ್ದ ಮಂಚದ ಗಾದಿ ನಡುವೆ ಕುಸಿದಿತ್ತು. ಅಂಚಿನ ಕಟ್ಟಿಗೆ ಪಟ್ಟಿ ತೊಡೆಗೆ ಒತ್ತಿ ಅವಳಿಗೆ ಎದ್ದು ಕೂರುವುದೇ ಹಿಂಸೆಯಾಗುತ್ತಿತ್ತು. ಒಂದು ಮಧ್ಯಾಹ್ನ ಅವಳೇ ಬಟ್ಟೆಯ ತುಂಡು ಜೋಡಿಸಿ ಹೊಲಿದಿದ್ದ ಹಳೆಯ ಕೌದಿಗಳನ್ನು ಪೆಟ್ಟಿಗೆಯಿಂದ ತೆಗೆದು ಮಡಚಿ ಗಾದಿಯ ಕೆಳಗೆ ತುಂಬಿದೆ. ಗಾದಿ ಎದ್ದು ಪಟ್ಟಿಯ ಸಮಕ್ಕೆ ಬಂತು. ಅವಳು ಕೈಯಿಂದ ಅಂಚು ಸವರಿ ನೋಡಿದಳು. "ರೀ, ಈ ಪಟ್ಟಿ ಚುಚ್ತಿತ್ತು. ನೀವು ಪಟ್ಟಿ ಕಿತ್ತ ಒಗದ್ರೇನು?" ಎಂದಳು.

"ಇಲ್ಲ."

"ಗಾದಿ ಏರಿಸಿದ್ರಿ. ಹೊಸ್ತಲಕ್ಕೂ ಹಂಗ ಮಾಡ್ರೆಲ್ಲ. ಅದು ಇದ್ದಲ್ಲೇ ಇರಲಿ, ನೆಲಾ ಮ್ಯಾಲ ಬರಲಿ."

ನಾನು ಎದ್ದು ಹೋಗಿ ಬಾಗಿಲಲ್ಲಿ ನಿಂತೆ. ಹೊಸ್ತಿಲು ಪಡಸಾಲೆಯ ನೆಲದಿಂದ ಒಂದು ಅಂಗೈಯಷ್ಟೇ ಎತ್ತರ. ಅಡುಗೆಮನೆಯ ನೆಲ ಮೊದಲಿಂದಲೂ ಪಡಸಾಲೆಗಿಂತ ಸುಮಾರು ಅಷ್ಟೇ ಮೇಲಿತ್ತು. ಅಲ್ಲಿಯೂ ದಿನಕ್ಕೆ ಹತ್ತಾರು ಸಲ ಹತ್ತಿ ಇಳಿಯಬೇಕಿತ್ತು. ಪಡಸಾಲೆಯ ನೆಲ ಏರಿಸಿದರೆ ಎರಡೂ ಕಡೆ ಸಮವಾಗುತ್ತದೆ. ಹೊರಗಿನ ಕಟ್ಟೆಯನ್ನೂ ಅಷ್ಟೇ ಏರಿಸಿ ಅಂಗಳಕ್ಕೆ ಇಳಿಜಾರು ಕೊಡಬೇಕು. ಕದದ ಕೆಳಗಿನ ಅಂಚು ಕೊಯ್ಯಿಸಬೇಕು. ಅಷ್ಟೇ. ಒಳಗೆ ಬಂದು, "ಮಾಡೂಣು" ಎಂದೆ. ಅವಳು ಆ ವಾರದಲ್ಲಿ ಮೊದಲ ಸಲ ನಕ್ಕಳು.

ಹೊಸ ಕಲ್ಲು ಹಾಸುವಷ್ಟು ನಮ್ಮ ಕೈಯಲ್ಲಿರಲಿಲ್ಲ; ಆಸ್ಪತ್ರೆಗೇ ಸಾಕಷ್ಟು ಹೋಗಿತ್ತು. ಆದರೆ ಇಳಕಲ್ಲ ಕಡೆ ಕಲ್ಲು ಕೊಯ್ಯುವ ಕಾರ್ಖಾನೆಗಳ ಹಿಂದೆ ಮೂಲೆ ಒಡೆದ, ಅಂಕುಡೊಂಕು ತುಂಡುಗಳ ಗುಡ್ಡೆಗಳೇ ಬಿದ್ದಿರುತ್ತವೆ. ಟ್ರ್ಯಾಕ್ಟರ್ ಬಾಡಿಗೆಯಷ್ಟು ಖರ್ಚಿನಲ್ಲಿ ಒಂದು ಟ್ರೇಲರ್ ತುಂಬ ಬಂತು. ಕೆಂಪು, ಬೂದು, ನಡುನಡುವೆ ಕಪ್ಪು. ಕಾಲು ಜಾರಬಾರದೆಂದು ಪಾಲಿಶ್ ಆಗದ ಒರಟು ತುಂಡುಗಳನ್ನೇ ಆರಿಸಿ ತಂದಿದ್ದೆ.

ಮಂಚವನ್ನು ಅಡುಗೆಮನೆಗೆ ಸಾಗಿಸಿದೆವು. ಗೌಂಡಿ ಗರಸು ಮಣ್ಣು ತುಂಬಿ, ನೀರು ಹೊಡೆದು, ಬಡಿದು ಧಮ್ಮಸು ಮಾಡಿ, ಕಲ್ಲು ಕೂರಿಸತೊಡಗಿದ. ಒಳಗಿನಿಂದ ಇವಳ ಕಣ್ಣು ಅವನ ಕೈ ಮೇಲೆಯೇ.

"ಏ ತಮ್ಮಾ, ಕೆಂಪಿನ ಮಗ್ಗಲಾಗ ಮತ್ತ ಕೆಂಪ ಇಟ್ಟೀಯಲ್ಲೋ. ಅಲ್ಲಿ ಬೂದಿ ಬಣ್ಣದ್ದು ಇಡು."

"ಕಾಕೂ, ಇದು ನೆಲಾ ರೀ, ಕೌದಿ ಅಲ್ಲ."

"ಎರಡೂ ತುಂಡು ಜೋಡಿಸೇ ಆಗೂವು ಅಲ್ಲೇನು? ಇಡು ನೀನು."

ಅವನು ಗೊಣಗುತ್ತಲೇ ಇಟ್ಟ. ಎರಡನೆಯ ದಿನಕ್ಕೆ ತಾನೇ ಕಲ್ಲು ಎತ್ತಿ ಹಿಡಿದು, "ಇದು ನಡೀತದೇನ್ರಿ ಕಾಕೂ?" ಎಂದು ಕೇಳತೊಡಗಿದ. ಅವಳು ಮಲಗಿದಲ್ಲಿಂದಲೇ ತಲೆ ಅಲ್ಲಾಡಿಸುವಳು, ಬೇಡವೆಂದರೆ ಕೈ ಬೀಸುವಳು. ಆಪರೇಷನ್ ಆದ ಮೇಲೆ ಅವಳು ಯಾವುದಕ್ಕಾದರೂ ಇಷ್ಟು ಆಸೆಪಟ್ಟದ್ದನ್ನು ನಾನು ನೋಡಿರಲಿಲ್ಲ.

ಬಚ್ಚಲಿನ ಕೆಲಸ ನಾನೇ ಇಟ್ಟುಕೊಂಡೆ. ಗುಜರಿ ಅಂಗಡಿಯಲ್ಲಿ ಹಳೆಯ ಬಸ್ಸಿನ ಪೈಪುಗಳಿದ್ದವು, ನಿಂತ ಪ್ರಯಾಣಿಕರು ಹಿಡಿದುಕೊಳ್ಳುವಂಥವು. ಎರಡು ತಂದು ಉಜ್ಜಿ, ಬಣ್ಣ ಹೊಡೆದು, ಗೋಡೆಗೆ ಬೋಲ್ಟು ಹಾಕಿ ಬಿಗಿದೆ. ನನ್ನ ಇಡೀ ಭಾರ ಬಿಟ್ಟು ಜೋತು ನೋಡಿದ ಮೇಲೆಯೇ ಅವಳನ್ನು ಕರೆದೆ. ಪೈಪು ಹಿಡಿದು ನಿಂತು, "ಹೊಸಪ್ಯಾಟಿ ಬಸ್ಸಿನಾಗ ಜಾಗ ಸಿಗದ ನಿಂತಂಗ ಆತು ನೋಡ್ರಿ" ಎಂದು ನಕ್ಕಳು.

ನೆಲ ಒಣಗಿದ ಮೇಲೆ ವಾಕರ್ ಹಿಡಿದು ಬಾಗಿಲ ತನಕ ಬಂದಳು. ಅಲ್ಲಿ ನಿಂತುಬಿಟ್ಟಳು. ಮುಂದೆ ಒಂದೇ ಸಮ ನೆಲ. ಹೊಸ್ತಿಲು ಬರೀ ಒಂದು ಮಾಸಿದ ಕಟ್ಟಿಗೆಯ ಗೆರೆಯಂತೆ ಕಾಣುತ್ತಿತ್ತು. ಹಿಡಿದುಕೊಳ್ಳಲು ಹೋದರೆ ಬೇಡವೆಂದು ತಲೆಯಾಡಿಸಿದಳು.

"ಏನಾತು? ಎಡವೂದು ಏನೂ ಇಲ್ಲಲ್ಲ ಈಗ."

"ಎಡವೂದಿಲ್ಲರಿ. ತುಳದರ ಹೆಂಗ?"

ಹೊಸ್ತಿಲು ತುಳಿಯಬಾರದು. ನಾನು ಮರೆತಿದ್ದೆ. ಎತ್ತರವಿದ್ದಾಗ ಕಾಲು ತಾನಾಗಿ ದಾಟುತ್ತಿತ್ತು. ಸಮವಾದ ಮೇಲೆ ನೋಡಿ ದಾಟಬೇಕು. ವಾಕರನ್ನು ಮೊದಲು ಆಚೆ ಇಟ್ಟಳು. ಒಂದು ಕೈಯಿಂದ ಚೌಕಟ್ಟನ್ನು ಹಿಡಿದಳು. ಬಲಗಾಲನ್ನು ಸ್ವಲ್ಪವೇ ಎತ್ತಿ, ಕಟ್ಟಿಗೆಗೆ ತಾಗದಂತೆ ಆಚೆ ಇಟ್ಟಳು. ಆಮೇಲೆ ರಾಡು ಹಾಕಿದ ಕಾಲು. ಅದಕ್ಕೆ ಬಹಳ ಹೊತ್ತು ಹಿಡಿಯಿತು. ದಾಟಿ ಕಟ್ಟೆಯ ಮೇಲೆ ನಿಂತವಳು ಚೌಕಟ್ಟಿನಿಂದ ಕೈ ತೆಗೆಯದೆ, "ಅಪ್ಪ ನೋಡಬೇಕಿತ್ತು" ಎಂದಳು. ನಾನು ಒಳಗಿನಿಂದ ಕುರ್ಚಿ ತಂದು ಅವಳ ಹಿಂದೆ ಇಟ್ಟೆ.

ಹಿತ್ತಲಿನ ಕೆಲಸ ಶುರುವಾದದ್ದು ಆ ನಂತರ. ಅವಳು ಯಾವಾಗಲೂ ನೆಲಕ್ಕೆ ಕೂತು ಕಾಯಿಪಲ್ಲೆ ಬೆಳೆದವಳು. ಇನ್ನು ಕುಕ್ಕರುಗಾಲಲ್ಲಿ ಕೂರುವಂತಿಲ್ಲ, ಬಗ್ಗುವಂತಿಲ್ಲ. ಒಣಗಿದ ಮಡಿಗಳನ್ನು ಕಿಟಕಿಯಿಂದ ನೋಡಿ, "ಹೋಗಲಿ ಬಿಡ್ರಿ, ಸಂತ್ಯಾಗ ಸಿಗ್ತೈತಿ" ಎನ್ನುತ್ತಿದ್ದಳು. ಹಾಗೆ ಅಂದಾಗ ನನಗೆ ಸಂಕಟವಾಗುತ್ತಿತ್ತು. ನೆಲ ಏರಿಸಿದವರಿಗೆ ಮಡಿ ಏರಿಸುವುದು ಏನು ಕಷ್ಟ?

ಗುಜರಿಯಿಂದಲೇ ನೀರು ತುಂಬುವ ಹಳೆಯ ಪ್ಲಾಸ್ಟಿಕ್ ಡ್ರಮ್ಮುಗಳನ್ನು ತಂದು ಉದ್ದುದ್ದಕ್ಕೆ ಸೀಳಿದೆ. ತಳಕ್ಕೆ ತೂತು ಕೊರೆದೆ. ಕಬ್ಬಿಣದ ಪಟ್ಟಿಗಳನ್ನು ವೆಲ್ಡಿಂಗ್ ಮಾಡಿ ಅವಳ ಸೊಂಟದೆತ್ತರದ ಸ್ಟ್ಯಾಂಡು ಕಟ್ಟಿದೆ. ಮಗಳು ಬರುವಾಗ ಅಕ್ಕಿ ಗಿರಣಿಯ ಭತ್ತದ ಹೊಟ್ಟನ್ನು ಚೀಲ ಕಟ್ಟಿ ತಂದಳು, ಮಣ್ಣು ಸಡಿಲವಾಗಲಿ ಎಂದು. ಬೇವೂರಿನಿಂದ ನನ್ನ ಹೆಂಡತಿಯ ತಮ್ಮ ಕುರಿ ಗೊಬ್ಬರ ಕಳಿಸಿದ. ಗೊಬ್ಬರ ಹೆಚ್ಚಾದಷ್ಟೂ ಒಳ್ಳೆಯದೆಂದು ನಾನು ಧಾರಾಳವಾಗಿ ಸುರಿದೆ. ಮೊಳಕೆಯೊಡೆದ ಮೆಂತೆ ವಾರದೊಳಗೆ ಸುಟ್ಟು ಕರಕಾಯಿತು.

ಅವಳು ಕುರ್ಚಿಯಲ್ಲಿ ಕೂತು ನೋಡಿ ನಕ್ಕೇ ನಕ್ಕಳು. "ಇದೇನು ಬಸ್ಸಿನ ಟಾಕಿಯೇನ್ರಿ, ಫುಲ್ ಮಾಡಾಕ?"

ಮತ್ತೆ ಹದ ಮಾಡಿದ್ದು ಅವಳೇ. ನಿಂತುಕೊಂಡು, ಮೊಣಕೈ ತನಕ ಮಣ್ಣು ಮಾಡಿಕೊಂಡು. ಹಕ್ಕರಿಕೆ, ಮೆಂತೆ, ಕೊತ್ತಂಬರಿ ಹಾಕಿದಳು. ಅಕ್ಕಿ ತೊಳೆದ ನೀರು, ಕಾಯಿಪಲ್ಲೆ ತೊಳೆದ ನೀರು ಎಲ್ಲ ಅವಕ್ಕೇ. ಬೇಸಿಗೆ ಹತ್ತಿರವಾದಾಗ ಹಳೆಯ ಸೀರೆಯೊಂದನ್ನು ಮೇಲೆ ಕಟ್ಟಿ ನೆರಳು ಮಾಡಿದೆವು. ಮೊದಲ ಹಕ್ಕರಿಕೆ ಕಿತ್ತ ದಿನ ರೊಟ್ಟಿ ಬಡಿದವನು ನಾನು. ರೊಟ್ಟಿ ನಕಾಶೆಯಂತೆ ಬಂದಿತ್ತು. ಅವಳು ಸೊಪ್ಪು ಸುತ್ತಿಕೊಂಡು ಎರಡು ತಿಂದಳು.

ಈಗ ಅವಳು ಕೋಲು ಹಿಡಿದು ಓಡಾಡುತ್ತಾಳೆ. ಬಿಸಿಲಿಳಿದ ಮೇಲೆ ಹಿತ್ತಲಲ್ಲಿ ಎರಡು ಕುರ್ಚಿ ಹಾಕಿಕೊಂಡು ಕೂರುತ್ತೇವೆ. ನೌಕರಿಯಲ್ಲಿದ್ದಷ್ಟು ದಿನ ನಸುಕಿನಲ್ಲಿ ಹೋಗಿ ದೀಪ ಹಚ್ಚಿದ ಮೇಲೆ ಬರುತ್ತಿದ್ದ ನನಗೆ ನಮ್ಮ ಹಿತ್ತಲಿನ ಸಂಜೆ ಹೇಗಿರುತ್ತದೆಂದೇ ಗೊತ್ತಿರಲಿಲ್ಲ. ಮೊನ್ನೆ ಅವಳು ಮೆಂತೆ ಸೋಸುತ್ತ ಕೂತಿದ್ದವಳು ಇದ್ದಕ್ಕಿದ್ದಂತೆ ಕೇಳಿದಳು.

"ಅಲ್ರಿ, ದಿನಾ ಬುತ್ತಿ ಕಟ್ಟಿ ಕೊಡ್ತಿದ್ನೆಲ್ಲ. ಡಿಪೋದಾಗ ಎಲ್ಲಿ ಕುಂತು ಉಣ್ತಿದ್ರಿ?"

ಇಷ್ಟು ವರ್ಷದಲ್ಲಿ ಅವಳು ಕೇಳಿರಲಿಲ್ಲ, ನಾನು ಹೇಳಿರಲಿಲ್ಲ. ಬಾವಿಯ ಪಕ್ಕದ ಹುಣಸೆಮರದ ಕೆಳಗೆ ಒಂದು ಸವೆದ ಟೈರಿತ್ತು, ಅದರ ಮೇಲೆ ಕೂರುತ್ತಿದ್ದೆ ಎಂದೆ. ಕೈಗೆ ಹತ್ತಿದ ಗ್ರೀಸು ಎಷ್ಟು ತೊಳೆದರೂ ಹೋಗದೆ ರೊಟ್ಟಿಗೆ ಅದರ ವಾಸನೆ ಬರುತ್ತಿತ್ತು, ಅದಕ್ಕೇ ರೊಟ್ಟಿಯನ್ನು ಕಾಗದದಲ್ಲಿ ಹಿಡಿದು ತಿನ್ನುತ್ತಿದ್ದೆ ಎಂದೆ. ಜೊತೆಯವರು ಅವಳ ಶೇಂಗಾ ಚಟ್ನಿಗೆ ಕಾದು ಕೂರುತ್ತಿದ್ದರು, ಎಷ್ಟೋ ದಿನ ನನಗೆ ಉಳಿಯುತ್ತಲೇ ಇರಲಿಲ್ಲ ಎಂದೆ.

"ಹೇಳಿದ್ರ ಇನ್ನೊಂಚೂರು ಹಾಕ್ತಿದ್ನೆಲ್ಲ" ಎಂದಳು.

ಸೋಸುವುದನ್ನು ನಿಲ್ಲಿಸಿ, "ಮತ್ತ?" ಎಂದು ಕುರ್ಚಿಯನ್ನು ನನ್ನ ಕಡೆಗೆ ತುಸು ಎಳೆದುಕೊಂಡಳು.