ಹಡಗಿನ ಮೊದಲ ಪಂಕ್ತಿ

ಹಡಗಿನಲ್ಲಿ ಅಂಥ ರೂಲ್ ಯಾವುದೂ ಇರಲಿಲ್ಲ. ಹೊಸಬರು ಮೊದಲ ಸಿಟಿಂಗ್‌ನಲ್ಲಿ ಊಟ ಮಾಡಬೇಕು, ಹಳಬರು ಎರಡನೆಯದರಲ್ಲಿ ಎನ್ನುವುದು ನಾನು ಕಟ್ಟಿದ ಮಾತು. ನನ್ನ ನಾದಿನಿ ಕಮಲಾ ನನ್ನ ಟೇಬಲ್‌ಗೆ ಬರಬಾರದೆಂದು ನಾನೇ ಹೆಡ್ ವೇಟರ್‌ಗೆ ಹೇಳಿ ಅವಳ ಜಾಗ ಬದಲಾಯಿಸಿದೆ. ಆಮೇಲೆ ಕ್ಯಾಬಿನ್ನಿಗೆ ಬಂದು ಅವಳಿಗೆ ಸುಳ್ಳು ಹೇಳಿದೆ. ಅವಳು ನಂಬಿದಳು. ನಂಬಿದ್ದಷ್ಟೇ ಆಗಿದ್ದರೆ — ಆದರೆ ಅವಳು ಸಂತೋಷಪಟ್ಟಳು. ಆ ಸಂತೋಷವನ್ನು ಇಷ್ಟು ವರ್ಷ ಹೈದರಾಬಾದಿನ ನಮ್ಮ ತಾರ್ನಾಕದ ಮನೆಗೆ ಬಂದವರಿಗೆಲ್ಲ ಹೇಳಿಕೊಂಡು ಬಂದಳು. ನಾನು ಪಕ್ಕದಲ್ಲಿ ಕೂತು ಕೇಳುತ್ತಿದ್ದೆ.

ಇದನ್ನು ಇಂಗ್ಲಿಷಿನಲ್ಲಿ ಬರೆಯುವುದು ನನಗೆ ಸುಲಭವಾಗುತ್ತಿತ್ತು. ನಾನು ಸಿಕಂದರಾಬಾದಿನ ಕಾನ್ವೆಂಟ್‌ನಲ್ಲಿ ಓದಿದವಳು. ಕನ್ನಡ ಮನೆಯಲ್ಲಿ ಅಮ್ಮನ ಹತ್ತಿರ ಕಲಿತದ್ದು, ಒತ್ತಕ್ಷರಗಳು ಇವತ್ತಿಗೂ ತಪ್ಪುತ್ತವೆ. ಆದರೆ ಕಮಲಾಗೆ ಓದಲು ಬರುವುದು ಕನ್ನಡ ಒಂದೇ. ಆದ್ದರಿಂದ ಕನ್ನಡ.

ಹಡಗಿನ ಹುಚ್ಚು ನನ್ನದಲ್ಲ, ನನ್ನ ಗಂಡನದು. ನಾಚಾರಂನಲ್ಲಿ ಪಂಪು ತಯಾರಿಸುವ ಕಾರ್ಖಾನೆಯೊಂದರಲ್ಲಿ ಅವರು ಎಂಜಿನಿಯರ್ ಆಗಿದ್ದರು. ನಮಗೆ ಮಕ್ಕಳಿಲ್ಲ. ರಿಟೈರ್ ಆದ ಮೇಲೆ ಜನ ಕಾಶಿ, ಚಾರ್‌ಧಾಮ್ ಎಂದು ಹೊರಟರೆ ಇವರು ಗ್ರೀಸಿನ ದ್ವೀಪಗಳ ನಡುವೆ ಓಡಾಡುವ ಒಂದು ಹಳೆಯ ಸಣ್ಣ ಹಡಗನ್ನು ಹುಡುಕಿ ತೆಗೆದರು. ಒಮ್ಮೆ ಹೋದೆವು. ರುಚಿ ಹತ್ತಿತು. ಎರಡು ವರ್ಷಕ್ಕೊಮ್ಮೆ ಅದೇ ಹಡಗು, ಅದೇ ತಿಂಗಳು, ಸಾಧ್ಯವಾದರೆ ಅದೇ ಕ್ಯಾಬಿನ್.

ಈಗಿನ ಕ್ರೂಸ್ ಹಡಗುಗಳ ವಿಡಿಯೋ ಪಕ್ಕದ ಫ್ಲ್ಯಾಟಿನ ಹುಡುಗಿ ತೋರಿಸುತ್ತಾಳೆ — ಉಪ್ಪಲ್ ಕಡೆಯ ಮಾಲ್ ಒಂದನ್ನು ಎತ್ತಿ ನೀರಿನ ಮೇಲೆ ಇಟ್ಟ ಹಾಗೆ. ನಮ್ಮದು ಹಾಗಿರಲಿಲ್ಲ. ನಾವು ಹತ್ತುವ ಹೊತ್ತಿಗೇ ಅದಕ್ಕೆ ಮುಪ್ಪು. ಬಾಲ್ಕನಿ ಇಲ್ಲ. ಲಿಫ್ಟ್ ಒಂದೇ ಒಂದು, ಅದೂ ಮನಸ್ಸು ಬಂದ ದಿನ ನಡೆಯುವಂಥದು. ಕ್ಯಾಬಿನ್ನಿನ ದುಂಡು ಕಿಟಕಿ ಊಟದ ತಟ್ಟೆಯಷ್ಟಗಲ. ಅಲೆ ಎದ್ದರೆ ಅದರ ತುಂಬ ಹಸಿರು ನೀರು. ಕಾರಿಡಾರಿನ ಉದ್ದಕ್ಕೂ ಹಿಡಿದು ನಡೆಯಲು ಹಿತ್ತಾಳೆಯ ಕಂಬಿ, ಯಾರು ಯಾರದೋ ಕೈ ತಾಗಿ ನುಣುಪಾದದ್ದು. ಡೀಸೆಲ್, ಮರದ ಪಾಲಿಶ್, ಬೇಯಿಸಿದ ಕೋಸು ಎಲ್ಲ ಸೇರಿದ ವಾಸನೆ ಮೊದಲ ದಿನ ಮೂಗು ಮುಚ್ಚಿಸುತ್ತಿತ್ತು, ಇಳಿಯುವ ದಿನ ಬಿಟ್ಟು ಬರಲು ಸಂಕಟವಾಗುತ್ತಿತ್ತು. ನಲ್ಲಿ ಸದಾ ತೊಟ್ಟಿಕ್ಕುತ್ತಿತ್ತು; ಇವರು ಮನೆಯಿಂದಲೇ ವಾಶರ್ ತಂದು ರಿಪೇರಿ ಮಾಡಿದರು. ಗೋಡೆಗೆ ಕಿವಿಯಿಟ್ಟು, ಎಂಜಿನ್ನಿನ ಬಡಿತ ಕೇಳು, ಈ ವಯಸ್ಸಿನಲ್ಲೂ ಎಷ್ಟು ನೀಟಾಗಿದೆ ಎನ್ನುತ್ತಿದ್ದರು. ದೊಡ್ಡ ಹಡಗು ಹೋಗಲಾರದ ಪುಟ್ಟ ಬಂದರುಗಳಿಗೆ ನಮ್ಮದು ಹೋಗುತ್ತಿತ್ತು. ಬೆಳಿಗ್ಗೆ ಡೆಕ್ ಮೇಲೆ ನಿಂತರೆ ದಂಡೆಯ ಮನೆಯಲ್ಲಿ ಒಬ್ಬ ಹೆಂಗಸು ಮೆಟ್ಟಿಲು ತೊಳೆಯುವುದು ಕಾಣುತ್ತಿತ್ತು — ಅಷ್ಟು ಹತ್ತಿರ.

ಅಂಥ ಹಡಗುಗಳಲ್ಲಿ ಊಟಕ್ಕೊಂದು ಪದ್ಧತಿ. ಡೈನಿಂಗ್ ರೂಮ್ ಸಣ್ಣದು, ಎಲ್ಲರೂ ಒಟ್ಟಿಗೆ ಹಿಡಿಸುವುದಿಲ್ಲ. ಆದ್ದರಿಂದ ಎರಡು ಸಿಟಿಂಗ್. ಹಡಗು ಹತ್ತಿದ ದಿನವೇ ನಿಮ್ಮ ಸಿಟಿಂಗ್, ನಿಮ್ಮ ಟೇಬಲ್, ನಿಮ್ಮ ಕುರ್ಚಿ ಗೊತ್ತಾಗುತ್ತದೆ. ಇಳಿಯುವ ತನಕ ಅದೇ. ಊಟದ ಹೊತ್ತಿಗೆ ಒಬ್ಬ ಸ್ಟೂವರ್ಡ್ ಚೈಮ್ ಎನ್ನುವ ಪುಟ್ಟ ಗಂಟೆ ಬಾರಿಸುತ್ತ ಕಾರಿಡಾರಿನಲ್ಲಿ ಹೋಗುತ್ತಾನೆ. ಮೊದಲ ಚೈಮ್ ಒಂದು ಗುಂಪಿಗೆ, ಎರಡನೆಯದು ಇನ್ನೊಂದಕ್ಕೆ. ನಮ್ಮದು ಯಾವಾಗಲೂ ಎರಡನೆಯದು. ಕಿಟಕಿಯ ಪಕ್ಕ ನಾಲ್ಕು ಜನರ ಟೇಬಲ್: ನಾವಿಬ್ಬರು, ಲಿವರ್‌ಪೂಲಿನ ಮುದುಕ-ಮುದುಕಿ ಇಬ್ಬರು. ಅವರೂ ನಮ್ಮ ಹಾಗೆ ತಿರುಗಿ ತಿರುಗಿ ಬರುವವರು. ಆ ಟೇಬಲ್‌ನಲ್ಲಿ ನಾನು ಚೆನ್ನಾಗಿದ್ದೆ, ಹೇಳಿಕೊಳ್ಳುತ್ತೇನೆ. ಯಾವ ಫೋರ್ಕ್ ಯಾವಾಗ, ಸೂಪಿನ ಚಮಚ ಯಾವ ಕಡೆಗೆ ವಾಲಿಸಬೇಕು — ಕಾನ್ವೆಂಟಿನ ನನ್ಸ್ ಕಲಿಸಿದ್ದು ಬೇರೆಲ್ಲೂ ಉಪಯೋಗಕ್ಕೆ ಬರಲಿಲ್ಲ, ಅಲ್ಲಿ ಬಂತು. ನಿಮ್ಮ ಇಂಗ್ಲಿಷ್ ನಮ್ಮದಕ್ಕಿಂತ ಚೆಂದ ಎಂದು ಆ ಮುದುಕಿ ಒಮ್ಮೆ ಹೇಳಿದ್ದಳು. ಅದನ್ನು ಎಷ್ಟು ವರ್ಷ ಜೋಪಾನ ಮಾಡಿದೆನೋ.

ಐದನೆಯ ಸಲಕ್ಕೆ ಟಿಕೆಟ್ ಆಗಿತ್ತು, ಇವರು ಹಾಸಿಗೆ ಹಿಡಿದರು. ಆಸ್ಪತ್ರೆಯಲ್ಲಿ, ಮಾತು ಇನ್ನೂ ಆಡುತ್ತಿದ್ದ ದಿನಗಳಲ್ಲಿ, ಒಂದು ಸಂಜೆ ಹೇಳಿದರು: "ಟಿಕೀಟ್ ಕ್ಯಾನ್ಸಲ್ ಮಾಡಬ್ಯಾಡ. ಕಮಲಾನ್ನ ಕರಕೊಂಡ್ ಹೋಗು. ಆಕಿ ಸಮುದ್ರ ನೋಡಿಲ್ಲ."

ಕಮಲಾ ಅವರ ತಂಗಿ. ಕಲಬುರಗಿಯವಳು. ಮದುವೆ ಸೀರೆಯ ಅಂಚು ಮಾಸುವ ಮೊದಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ಆ ದೊಡ್ಡ ಮನೆಯ ಊಟ ನಾನು ಕಂಡಿದ್ದೇನೆ. ಮೊದಲು ಗಂಡಸರು, ಆಮೇಲೆ ಮಕ್ಕಳು, ಆಮೇಲೆ ಮುತ್ತೈದೆಯರು. ಕಡೆಯ ಪಂಕ್ತಿಯಲ್ಲಿ, ಅಡಿಗೆಮನೆಯ ಹೊಸ್ತಿಲ ಹತ್ತಿರ ಕಮಲಾ — ಅಷ್ಟು ಹೊತ್ತಿಗೆ ಪಲ್ಯ ತಳ ಹತ್ತಿರುತ್ತಿತ್ತು. ಅತ್ತೆ-ಮಾವ ಹೋದ ಮೇಲೆ ಇವರು ಅವಳನ್ನು ತಾರ್ನಾಕಕ್ಕೆ ಕರೆತಂದರು. ಇಲ್ಲಿ ಪಂಕ್ತಿಯ ಮಾತಿಲ್ಲ, ಡೈನಿಂಗ್ ಟೇಬಲ್ ಇದೆ. ಆದರೂ ಅವಳು ನಮಗೆ ಬಡಿಸಿ, ನಾವು ಎದ್ದ ಮೇಲೆ ತಾನು ಕೂರುತ್ತಿದ್ದಳು. ಮೊದಮೊದಲು ನಾನು ಕರೆದೆ. ಆಮೇಲೆ ಕರೆಯುವುದನ್ನು ಬಿಟ್ಟೆ. ಬಿಸಿ ರೊಟ್ಟಿ ತಟ್ಟೆಗೆ ಬಂದು ಬೀಳುವುದು ರೂಢಿಯಾಗಿಬಿಡುತ್ತದೆ.

ಇವರು ಹೋದರು. ಅವರ ಮಾತಿನಂತೆ ಕಮಲಾಗೆ ಪಾಸ್‌ಪೋರ್ಟ್ ಮಾಡಿಸಿ, ಅವರ ಟಿಕೆಟ್ಟನ್ನು ಅವಳ ಹೆಸರಿಗೆ ಬದಲಾಯಿಸಿ ಕರೆದುಕೊಂಡು ಹೋದೆ. ಸಮುದ್ರ ಕಂಡಾಗ ಅವಳು ರೇಲಿಂಗ್ ಹಿಡಿದು ತುಂಬ ಹೊತ್ತು ನಿಂತು, ಕಡೆಗೆ ಇದನ್ನೆಲ್ಲ ಅಣ್ಣ ಒಬ್ಬನೇ ನೋಡಿ ಬರುತ್ತಿದ್ದನಲ್ಲ ಎಂದಳು. ಅವಳ ಲೆಕ್ಕದಲ್ಲಿ ನಾನು ಇರಲಿಲ್ಲ. ಅದು ನನಗೆ ಚುಚ್ಚಿತು. ಆದರೆ ಮುಂದೆ ನಾನು ಮಾಡಿದ್ದಕ್ಕೆ ಅದು ಕಾರಣವಲ್ಲ. ಕಾರಣ ಬೇರೆ. ಇಳಕಲ್ ಸೀರೆ, ಕೈಯಲ್ಲಿ ಶೇಂಗಾ ಚಟ್ನಿಯ ಡಬ್ಬಿ, ಸೂಪಿನಲ್ಲಿ ಬ್ರೆಡ್ಡು ಕಿವುಚಿಕೊಂಡು ಐದು ಬೆರಳಿನಿಂದ — ನನ್ನ ಟೇಬಲ್‌ನಲ್ಲಿ ಕೂತ ಅವಳನ್ನು ಕಣ್ಣ ಮುಂದೆ ತಂದುಕೊಂಡೆ. ಲಿವರ್‌ಪೂಲಿನ ಮುದುಕಿಯ ಮುಖವನ್ನೂ ತಂದುಕೊಂಡೆ. ನಾನು ಹಡಗಿನಲ್ಲಿ ಮೀನು ತಿನ್ನುತ್ತಿದ್ದೆ, ಅದು ಕಮಲಾಗೆ ಗೊತ್ತಿರಲಿಲ್ಲ. ಅದನ್ನು ನೋಡಿ ಅವಳು ನೊಂದುಕೊಳ್ಳಬಾರದು ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಅದು ಬರೀ ನೆಪ. ನನಗೆ ನಾಚಿಕೆಯಾಗಿತ್ತು.

ಹೆಡ್ ವೇಟರ್ ಒಮ್ಮೆ ಕೇಳಿದ, ಒಂದೇ ಕ್ಯಾಬಿನ್ನಿನವರು ಬೇರೆ ಬೇರೆ ಸಿಟಿಂಗ್‌ನಲ್ಲೇ, ಮ್ಯಾಡಮ್? ಹೌದು ಎಂದೆ. ನಮ್ಮ ಟೇಬಲ್‌ನ ನಾಲ್ಕನೆಯ ಕುರ್ಚಿ ಗಂಡನ ನೆನಪಿಗೆ ಖಾಲಿ ಇರಲಿ ಎಂದೆ. ಅವನು ತಲೆ ಬಾಗಿಸಿದ. ಲಿವರ್‌ಪೂಲಿನವರೂ ಕಣ್ಣು ಒದ್ದೆ ಮಾಡಿಕೊಂಡರು.

ಕ್ಯಾಬಿನ್ನಿಗೆ ಬಂದು ಕಮಲಾಗೆ ಹೇಳಿದೆ — ನನ್ನ ಟೇಬಲ್ ತುಂಬಿದೆಯಂತೆ, ಹೊಸದಾಗಿ ಬಂದವರಿಗೆ ಮೊದಲ ಸಿಟಿಂಗ್ ಅಂತೆ, ಹಡಗಿನ ರೂಲ್. ಅವಳು ಸಿಟಿಂಗ್ ಎಂದರೇನು ಎಂದು ಕೇಳಿದಳು. ಪಂಕ್ತಿ ಎಂದೆ.

ಅವಳು ಮಂಚದ ತುದಿಯಲ್ಲಿ ಕೂತಳು. ಚೈಮ್ ಹತ್ತಿರ ಬಂತು, ಬಾಗಿಲು ದಾಟಿ ಹೋಯಿತು. ಸೀರೆ ಸರಿಪಡಿಸಿಕೊಂಡು ಎದ್ದಳು.

"ವೈನಿ, ನನ್ನ ಜನ್ಮದಾಗ ಮೊದಲನೇ ಪಂಕ್ತಿಗೆ ಕರದಿದ್ದು ಇದ ಮೊದಲ ನೋಡ್ರಿ."

ಆಗಲೇ ಹೇಳಿಬಿಡಬಹುದಿತ್ತು. ಹೇಳಲಿಲ್ಲ.

ಅವಳ ಟೇಬಲ್‌ನಲ್ಲಿ ಇಟಲಿಯ ಅಕ್ಕತಂಗಿಯರು ಇಬ್ಬರು ಇದ್ದರಂತೆ. ಒಬ್ಬರ ಭಾಷೆ ಒಬ್ಬರಿಗೆ ಒಂದಿಷ್ಟೂ ಬಾರದು. ಮೂರನೆಯ ದಿನಕ್ಕೆ ಅವರು ಬ್ರೆಡ್ಡಿಗೆ ಶೇಂಗಾ ಚಟ್ನಿ ಹಚ್ಚಿಕೊಂಡು ತಿನ್ನುತ್ತಿದ್ದರು. ಗೋವಾದ ಒಬ್ಬ ವೇಟರ್ ಇವಳ ಹೈದರಾಬಾದಿ ಹಿಂದಿ ಕೇಳಿ ನಗುತ್ತ ಎಲ್ಲಿಂದಲೋ ಮೊಸರು ತಂದುಕೊಡುತ್ತಿದ್ದ, ಅಮ್ಮಾ ಅಮ್ಮಾ ಎನ್ನುತ್ತಿದ್ದ. ಎರಡನೆಯ ಚೈಮಿಗೆ ನಾನು ಇಳಿದು ಬರುವಾಗ ಅವಳು ಮೆಟ್ಟಿಲು ಹತ್ತಿ ಬರುತ್ತಿದ್ದಳು. ಊಟ ಭಾಳ ಛಲೋ ಐತಿ, ಸಾವಕಾಶ ಊಟ ಮಾಡ್ರಿ ಎಂದು ಹೇಳಿ ಹೋಗುತ್ತಿದ್ದಳು. ನನ್ನ ಟೇಬಲ್‌ನಲ್ಲಿ ಮೂವರು, ಒಂದು ಖಾಲಿ ಕುರ್ಚಿ. ಮಾತು ಹವಾಮಾನದಿಂದ ಆಚೆ ಹೋಗುತ್ತಿರಲಿಲ್ಲ. ಆ ಟೇಬಲ್‌ನಲ್ಲಿ ಎಲ್ಲರನ್ನೂ ಮಾತಾಡಿಸುತ್ತಿದ್ದವರು ನನ್ನ ಗಂಡ ಎನ್ನುವುದು ನನಗೆ ಆಗ ತಿಳಿಯಿತು.

ಒಂದು ದಿನ ಗಾಳಿ ಎದ್ದಿತು. ಸಣ್ಣ ಹಡಗು, ಕಂಬಿ ಹಿಡಿಯದೆ ನಡೆಯಲಾಗದು. ಅರ್ಧಕ್ಕರ್ಧ ಜನ ಹಾಸಿಗೆಯಿಂದ ಏಳಲಿಲ್ಲ. ಹಾಗಾಗಿ ಆ ಸಂಜೆ ಎಲ್ಲರಿಗೂ ಒಂದೇ ಸಿಟಿಂಗ್ ಮಾಡಿದರು. ನಾನು ಕೂತಿದ್ದೆ. ಕಮಲಾ ಕುರ್ಚಿಯಿಂದ ಕುರ್ಚಿಗೆ ಕೈಯಿಡುತ್ತ ನಮ್ಮ ಟೇಬಲ್ ತನಕ ಬಂದಳು, ಖಾಲಿ ಕುರ್ಚಿಯ ಬೆನ್ನು ಹಿಡಿದು ನಿಂತಳು. ನನ್ನನ್ನು ನೋಡಿ ನಕ್ಕಳು. ಮುದುಕಿ ನನ್ನ ಕಡೆ ವಾಲಿ ಇಂಗ್ಲಿಷಿನಲ್ಲಿ ಕೇಳಿದಳು, ಇವರು ನಿಮ್ಮ ಮನೆಯವರೇ?

"ನೋ," ಎಂದೆ, "ವಿ ಜಸ್ಟ್ ಶೇರ್ ಅ ಕ್ಯಾಬಿನ್."

ಇಲ್ಲ, ಒಂದೇ ಕ್ಯಾಬಿನ್ನಿನಲ್ಲಿ ಇದ್ದೇವೆ, ಅಷ್ಟೆ.

ಕಮಲಾಗೆ ಕನ್ನಡದಲ್ಲಿ ಹೇಳಿದೆ, ಆ ಕುರ್ಚಿಯವರಿಗೆ ಹುಷಾರಿಲ್ಲ, ಬಂದರೂ ಬರಬಹುದು. ಅವಳು ಕೈ ತೆಗೆದಳು. ಗೋವಾದ ವೇಟರ್ ಬಂದು ಅವಳ ಮೊಳಕೈ ಹಿಡಿದು ಬೇರೆ ಕಡೆ ಕೂರಿಸಿದ. ಆಮೇಲೆ ಕ್ಯಾಬಿನ್ನಿನಲ್ಲಿ ಆ ಮೇಮ್ ಏನು ಕೇಳಿದಳು ಎಂದು ವಿಚಾರಿಸಿದಳು. ಹೊಟ್ಟೆ ತೊಳಸುತ್ತದೆಯೇ ಎಂದು ಕೇಳಿದಳು ಎಂದೆ.

ಇಷ್ಟೇ. ಹಡಗು ಇಳಿದೆವು, ಮನೆಗೆ ಬಂದೆವು. ಅವಳು ತನ್ನ ಕಥೆ ಹೇಳಲು ಶುರು ಮಾಡಿದಳು — ಹಡಗಿನವರು ಹೊಸಬರಿಗೆ ಕೊಡುವ ಮರ್ಯಾದೆ, ಮೊದಲ ಪಂಕ್ತಿ, ಇಟಲಿಯ ಅಕ್ಕತಂಗಿಯರು. ಹೇಳಿ ಮುಗಿಸಿ ನನಗೆ ಬಡಿಸುತ್ತಿದ್ದಳು. ನಾನು ಊಟ ಮಾಡಿ ಎದ್ದ ಮೇಲೆ ತಾನು ಕೂರುತ್ತಿದ್ದಳು. ಇದರಲ್ಲಿನ ವಿಚಿತ್ರ ನನಗೆ ಕಾಣಲಿಲ್ಲವೆಂದರೆ ಸುಳ್ಳು. ಕಾಣುತ್ತಿತ್ತು. ಕಂಡೂ ರೊಟ್ಟಿ ಮುರಿಯುತ್ತಿದ್ದೆ.

ಈ ಬೇಸಿಗೆಯಲ್ಲಿ ಪಕ್ಕದ ಫ್ಲ್ಯಾಟಿನ ಹುಡುಗಿ ಆ ಹಡಗಿನ ಹೆಸರು ಹುಡುಕಿ ಒಂದು ಫೋಟೋ ತೋರಿಸಿದಳು. ಗುಜರಾತಿನ ದಂಡೆಗೆ ತಂದು ಕೆಸರಿನಲ್ಲಿ ನಿಲ್ಲಿಸಿ ಒಡೆಯುತ್ತಿದ್ದಾರೆ. ಮುಂಭಾಗ ಆಗಲೇ ಇಲ್ಲ. ಡೈನಿಂಗ್ ರೂಮಿನ ಕಡೆ ಹೊಟ್ಟೆ ಸೀಳಿದ ಹಾಗೆ ತೆರೆದಿದೆ. ನನಗೆ ಅಂಥದ್ದೇನೂ ಅನ್ನಿಸಲಿಲ್ಲ, ಮುದಿಯಾದದ್ದು ಹೋಗುತ್ತದೆ. ಕಮಲಾ ಅತ್ತಳು. ನನ್ನನ್ನು ಮರ್ಯಾದೆಯಿಂದ ಕೂರಿಸಿ ಉಣ್ಣಿಸಿದ ಜಾಗ ಎಂದು ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಮರುದಿನ ಮಧ್ಯಾಹ್ನ, ಮೆಂತ್ಯದ ಸೊಪ್ಪು ಬಿಡಿಸುತ್ತ ಕೂತಿದ್ದಾಗ, ಹೇಳಿದೆ. ರೂಲ್ ಇರಲಿಲ್ಲ, ನಾನೇ ಮಾಡಿಸಿದ್ದು, ನನಗೆ ನಾಚಿಕೆಯಾಗಿತ್ತು ಎಂದೆ. ಅವಳ ಕೈ ನಿಲ್ಲಲಿಲ್ಲ. ಎಲೆ ಬೇರೆ, ಕಡ್ಡಿ ಬೇರೆ. ಕಟ್ಟು ಮುಗಿದ ಮೇಲೆ ಒಂದೇ ಕೇಳಿದಳು.

"ಆವತ್ತ ಗಾಳಿ ಬಿಟ್ಟಿತ್ತಲ್ರಿ ವೈನಿ — ಆ ಖುರ್ಚಿ ಯಾರದಿತ್ತು?"

"ನಿಂದ," ಎಂದೆ.

ಕಡ್ಡಿಗಳನ್ನು ಪೇಪರಿನಲ್ಲಿ ಸುತ್ತಿಕೊಂಡು ಎದ್ದು ಹೋದಳು. ಬೈದಿದ್ದರೆ — ಆದರೆ ಅವಳು ಬೈಯುವವಳಲ್ಲ. ಸಂಜೆ ಎಂದಿನಂತೆ ಚಹಾ ಮಾಡಿಕೊಟ್ಟಳು. ಸಕ್ಕರೆ ಸರಿಯಾಗಿಯೇ ಇತ್ತು.

ಹೋದ ತಿಂಗಳು ನೆಂಟರ ಮದುವೆಗೆ ಉಪ್ಪಲ್‌ಗೆ ಹೋಗಿದ್ದೆವು. ಮಕ್ಕಳು ಅವಳನ್ನು ಸುತ್ತಿಕೊಂಡವು. ಹಡಗಿನ ಊಟದ ಕಥೆ ಹೇಳು ಅಜ್ಜಿ ಎಂದು ಸೆರಗು ಜಗ್ಗಿದವು. ನಾನು ಎದುರಿಗೇ ಇದ್ದೆ. ಅವಳು ನನ್ನ ಕಡೆ ನೋಡಲಿಲ್ಲ.

"ಆ ಹಡಗ ಒಡದ ಹಾಕ್ಯಾರವಾ," ಎಂದಳು. "ಈಗ ಇಲ್ಲ ಅದು."

ಅಂದಿನಿಂದ ನಾನು ಮನೆಯಲ್ಲಿ ಎರಡು ತಟ್ಟೆ ಹಾಕುತ್ತಿದ್ದೇನೆ. ಅವಳು ಒಂದನ್ನು ತೆಗೆದು ಒಳಗಿಡುತ್ತಾಳೆ, ನೀವು ಕುಂಡ್ರಿ, ನಂದು ಆಮ್ಯಾಲ ಎನ್ನುತ್ತಾಳೆ. ದನಿಯಲ್ಲಿ ಸಿಟ್ಟಿಲ್ಲ. ಮೊದಲೂ ಹೀಗೇ ಅನ್ನುತ್ತಿದ್ದಳು, ಆದ್ದರಿಂದ ಈಗಿನದು ರೂಢಿಯೋ ಉತ್ತರವೋ ನನಗೆ ತಿಳಿಯುತ್ತಿಲ್ಲ. ತಿಳಿಯುವ ಹಕ್ಕು ನನಗಿಲ್ಲವೇನೋ.

ಆ ಮಧ್ಯಾಹ್ನ ಎಲ್ಲ ಹೇಳಿದೆ, ಒಂದನ್ನು ಬಿಟ್ಟು. ಲಿವರ್‌ಪೂಲಿನ ಮುದುಕಿಗೆ ನಾನು ಕೊಟ್ಟ ಉತ್ತರವನ್ನು ಹೇಳಲಿಲ್ಲ. ಅದು ಇಂಗ್ಲಿಷಿನಲ್ಲಿತ್ತು, ಅವಳಿಗೆ ತಿಳಿಯಲಾರದು ಎನ್ನುವ ಧೈರ್ಯದಲ್ಲೇ ಆಡಿದ ಮಾತು. ಈಗ ಅದನ್ನು ಅವಳು ಓದಬಲ್ಲ ಅಕ್ಷರದಲ್ಲಿ ಬರೆದಿದ್ದೇನೆ, ಅರ್ಥದ ಸಮೇತ. ಇದು ಅಚ್ಚಾಗುವ ಮೊದಲು ಅವಳ ಕೈಗೆ ಕೊಡುತ್ತೇನೆ. ಓದಿ, ಕಲಬುರಗಿಗೆ ಹೋಗುತ್ತೇನೆ ಎಂದರೆ ನಾನೇ ಸ್ಟೇಷನ್ನಿಗೆ ಬಿಟ್ಟು ಬರುತ್ತೇನೆ. ಇಲ್ಲೇ ಇರುತ್ತೇನೆ ಎಂದರೆ, ಮತ್ತೆ ಎರಡು ತಟ್ಟೆ ಹಾಕುತ್ತೇನೆ. ಒಂದನ್ನು ಅವಳು ತೆಗೆದಿಡುತ್ತಾಳೆ. ಇಡಲಿ. ಅವಳು ಅದನ್ನು ತಂದುಕೊಂಡು ಕೂರುವವರೆಗೆ ನಾನು ರೊಟ್ಟಿ ಮುರಿಯುವುದಿಲ್ಲ.